ಯಲ್ಲಪ್ಪನ ನಡದ ಅಳತೆ

ಹೋದ ಭಾನುವಾರ ಮುಂಜಾನೆ, ರಿಪೇರಿಗೆ ಬಂದಿದ್ದ, ಸರಿಯಾಗಿ ಒಣಗದ ಜೆರ್ಸಿಯೊಂದರ ಮೇಲೆ ಬಿಸಿ ಇಸ್ತ್ರಿ ಇಟ್ಟೆ. ಅದರಿಂದ ಏಳುವ ವಾಸನೆ ನಿಮಗೆ ಗೊತ್ತಿರಲಿಕ್ಕಿಲ್ಲ. ಹಸಿ ಮಣ್ಣು, ಬೆವರು, ಸಾಬೂನು ಮೂರನ್ನೂ ಒಂದೇ ಬೋಗುಣಿಯಲ್ಲಿ ಕುದಿಸಿದರೆ ಹೇಗಿದ್ದೀತೋ ಹಾಗೆ. ಅಷ್ಟರಲ್ಲಿ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತಿದ್ದ ನಮ್ಮ ಯಜಮಾನರು ಮೊಬೈಲಿನಿಂದ ತಲೆ ಎತ್ತದೆ, "ಕೇಳಿಲ್ಲಿ, ನಿನ್ನ ಆ ಹತ್ತನೇ ನಂಬರಿನಾಂವನ್ನ ಬ್ಯಾರೆ ಕ್ಲಬ್ಬಿಗೆ ಮಾರಿಬಿಟ್ರಂತ" ಎಂದರು. ನನ್ನ ಎದೆ ಧಸಕ್ಕೆಂದಿತು. ಆ ಹತ್ತನೇ ನಂಬರಿನವನು ನನಗೇನು ಅಣ್ಣನೇ ತಮ್ಮನೇ? ಎಲ್ಲಿಯೋ ದೂರದ ದೊಡ್ಡ ಫುಟ್‌ಬಾಲ್ ಕ್ಲಬ್ಬಿನಲ್ಲಿ ಆಡುವವನು. ಆದರೂ 'ಮಾರಿಬಿಟ್ಟರು' ಎಂಬ ಮಾತು ಕೇಳಿದರೆ ನನಗೆ ಇವತ್ತಿಗೂ ಹಾಗೆಯೇ ಆಗುತ್ತದೆ. ಇಸ್ತ್ರಿ ಎತ್ತುವುದನ್ನು ಮರೆತೆ, ಯಾರದೋ ಜೆರ್ಸಿ ಸುಟ್ಟಿತು.

ಮೊದಲೇ ಹೇಳಿಬಿಡುತ್ತೇನೆ, ನಾನು ಬ್ಲೌಸ್ ಹೊಲಿಯುವವಳು. ಗೋವಾದ ವಾಸ್ಕೋದ ಮಂಗೋರ್ ಹಿಲ್‌ನಲ್ಲಿ ರಸ್ತೆಗೆ ಮುಖ ಮಾಡಿದ ಒಂದು ಖೋಲಿಯೇ ನನ್ನ ಅಂಗಡಿ. ಗದಗಿನ ಕಡೆಯಿಂದ ಮದುವೆಯಾಗಿ ಬಂದ ಹೊಸದರಲ್ಲಿ, ಹೆಂಡತಿಯನ್ನು ಎಲ್ಲಿಗೆ ಕರೆದುಕೊಂಡು ಹೋಗಬೇಕೆಂದು ತಿಳಿಯದೆ ಯಜಮಾನರು ಫುಟ್‌ಬಾಲ್ ನೋಡಲು ಕರೆದೊಯ್ದರು. ಸಮುದ್ರ ತೋರಿಸಿದ್ದರೆ ಮುಗಿದುಹೋಗುತ್ತಿತ್ತು, ಪಾಪ. ಇಪ್ಪತ್ತೆರಡು ಗಂಡಸರು ಒಂದು ಚೆಂಡಿಗಾಗಿ ಕೆಸರಿನಲ್ಲಿ ಹೊರಳಾಡುವುದನ್ನು ನೋಡಿ ನಾನು ಮೊದಲು ನಕ್ಕೆ, ಅರ್ಧ ತಾಸಿಗೆ ಎದ್ದು ನಿಂತೆ, ಕೊನೆಗೆ ರೆಫರಿಗೆ ಹಚ್ಚ ಕನ್ನಡದಲ್ಲಿ ಬೈದೆ. ಅವತ್ತಿನಿಂದ ನಾನು ನಮ್ಮ ಗುಡ್ಡದ ಟೀಮಿನವಳು.

ಆಟ ನಡೆಯುವಾಗ ಅಭಿಮಾನಿಗೆ ಕೂಗುವುದೊಂದು ಬಿಟ್ಟರೆ ಬೇರೆ ಕೆಲಸವಿಲ್ಲ. ಅಭಿಮಾನಿಯ ಖರೇ ಹಂಗಾಮು ಮಳೆಗಾಲ. ಮೈದಾನದಲ್ಲಿ ಮೊಣಕಾಲುದ್ದ ನೀರು ನಿಂತು ಆಟ ಬಂದಾದ ಮೇಲೆ ಶುರುವಾಗುತ್ತದೆ ನೋಡಿ, ಮುಂದಿನ ವರ್ಷಕ್ಕೆ ಯಾರು ಬರಬೇಕು, ಯಾರು ಹೋಗಬೇಕು ಎನ್ನುವ ಲೆಕ್ಕಾಚಾರ. ನಾನು ಮಷಿನ್ ತುಳಿಯುತ್ತ ತುಳಿಯುತ್ತಲೇ ಎಷ್ಟು ಟೀಮು ಕಟ್ಟಿದ್ದೇನೋ! ಮಡಗಾಂವದಿಂದ ಒಬ್ಬನನ್ನು ತರುತ್ತಿದ್ದೆ, ಮಾಪುಸಾದವರಿಗೆ ನಮ್ಮ ಇಬ್ಬರನ್ನು ಕೊಟ್ಟು ಅವರ ಒಬ್ಬನನ್ನು ತೆಗೆದುಕೊಳ್ಳುತ್ತಿದ್ದೆ. ತೋಳು ಕೂಡಿಸಿ ಕೊರಳಪಟ್ಟಿ ಹಚ್ಚುವುದರೊಳಗೆ ನಮ್ಮ ಟೀಮು ಕಪ್ ಗೆದ್ದಿರುತ್ತಿತ್ತು.

ಆ ಕಾಲದಲ್ಲಿ ನಮ್ಮ ಟೀಮಿನ ಬಟ್ಟೆಯ ಕೆಲಸ ನನ್ನದೇ. ಪ್ರತಿ ವರ್ಷ ಹೊಸ ಜೆರ್ಸಿ ಮಾಡಿಸುವಷ್ಟು ದೊಡ್ಡ ಕ್ಲಬ್ಬಲ್ಲ ಅದು. ಆಟಗಾರನ ಹೆಸರನ್ನು ಬಿಳಿ ಬಟ್ಟೆಯ ಪಟ್ಟಿಯ ಮೇಲೆ ಹೊಲಿದು ಆ ಪಟ್ಟಿಯನ್ನು ಜೆರ್ಸಿಯ ಬೆನ್ನಿಗೆ ಕೂಡಿಸುತ್ತಿದ್ದೆ. ಅವನು ಬಿಟ್ಟುಹೋದರೆ ಪಟ್ಟಿ ಬಿಚ್ಚಿ, ಅದೇ ಜಾಗದಲ್ಲಿ ಹೊಸಬನ ಪಟ್ಟಿ. ಮಳೆಗಾಲದ ನಡುವೆ ಕ್ಲಬ್ಬಿನ ಸೆಕ್ರೆಟರಿ ಸೆಬಿ ಬಾಬ್ ಒಂದು ಚೀಟಿ ಕಳಿಸುತ್ತಿದ್ದರು. ಯಾವ ಹೆಸರು ಬಿಚ್ಚಬೇಕು, ಯಾವುದು ಹೊಲಿಯಬೇಕು ಎಂದು ಅದರಲ್ಲಿ ಬರೆದಿರುತ್ತಿತ್ತು. ಹಾಗಾಗಿ ಯಾರು ಬಂದರು, ಯಾರು ಹೋದರು ಎಂಬುದು ಇಡೀ ವಾಸ್ಕೋಗಿಂತ ಮೊದಲು ನನಗೆ ತಿಳಿಯುತ್ತಿತ್ತು. ಆ ಜಂಬ ಇತ್ತು ನನಗೆ, ಸುಳ್ಳೇಕೆ ಹೇಳಲಿ.

ಇನ್ನೊಂದು ಮಾತನ್ನೂ ಹೇಳಬೇಕು. ಜನ್ಮದಲ್ಲಿ ನನ್ನ ಮಾತನ್ನು ಯಾರೂ ಕೇಳಿದ್ದಿಲ್ಲ. ಯಜಮಾನರು ಕೇಳಿಲ್ಲ, ಅತ್ತೆ ಕೇಳಿಲ್ಲ, ಕೊರಳು ಇಷ್ಟು ಆಳ ಬೇಡ ಎಂದರೆ ಗಿರಾಕಿಗಳೂ ಕೇಳುವುದಿಲ್ಲ. ಯಾರೂ ಕೇಳುವುದಿಲ್ಲ ಎಂದು ಗೊತ್ತಿದ್ದವರು ಹೇಗೆ ಮಾತಾಡುತ್ತಾರೋ ಹಾಗೆ, ಬಾಯಿಗೆ ಬಂದದ್ದನ್ನು ಜೋರಾಗಿ ಮಾತಾಡಿಕೊಂಡು ಇದ್ದವಳು ನಾನು.

ಈಗ ಯಲ್ಲಪ್ಪ. ಬಾದಾಮಿಯ ಕಡೆಯವನು, ನಮ್ಮ ಟೀಮಿನ ಡಿಫೆಂಡರ್, ಮೂವತ್ತು ದಾಟಿದ್ದವನು. ನಮ್ಮ ಟೀಮಿಗೆ ಆಶ್ರಯ ಕೊಟ್ಟಿದ್ದವರು ಬಂದರಿನ ಒಬ್ಬ ಕಾಂಟ್ರ್ಯಾಕ್ಟರ್. ಹನ್ನೊಂದು ಮಂದಿ ಆಟಗಾರರಿಗೆ ತಮ್ಮ ಯಾರ್ಡಿನಲ್ಲಿ ಹನ್ನೊಂದು ನೌಕರಿ, ಇರಲು ಖೋಲಿ. ಟೀಮಿನಲ್ಲಿ ಹೆಸರಿದ್ದರೆ ನೌಕರಿ, ಹೆಸರು ಹೋದರೆ ಅದೂ ಹೋಯಿತು. ಯಲ್ಲಪ್ಪ, ಅವನ ಹೆಂಡತಿ ನೀಲವ್ವ, ಹತ್ತು ವರ್ಷದ ಮಗಳು, ಮೂವರೂ ಅಂಥದೊಂದು ಖೋಲಿಯಲ್ಲಿದ್ದರು. ಗೋಲ್‌ಕೀಪರ್ ರುಜಾರ್ ಅವನ ಜೀವದ ಗೆಳೆಯ. ಒಬ್ಬರ ತಾಟಿನಲ್ಲಿ ಒಬ್ಬರು ಉಣ್ಣುವಷ್ಟು ಸಲಿಗೆ. ರುಜಾರ್‌ನ ಕನ್ನಡ ಕೇಳಿದರೆ ಅವನು ಗೋವಾದವನೋ ಬಾದಾಮಿಯವನೋ ಎಂದು ಅನುಮಾನ ಬರುತ್ತಿತ್ತು.

ಹನ್ನೆರಡು ವರ್ಷದ ಹಿಂದಿನ ಮಾತು. ಆ ವರ್ಷದ ಆಟಗಳು ಮುಗಿಯುವ ಕಾಲಕ್ಕೆ ಯಲ್ಲಪ್ಪ ತನ್ನ ಚಡ್ಡಿ ತಂದ. "ನಡಾ ಸ್ವಲ್ಪ ಸಡ್ಲ ಮಾಡ್ರಿ ಅಕ್ಕಾರ" ಎಂದ. ಮೂರು ತಿಂಗಳ ಹಿಂದಷ್ಟೇ ಒಮ್ಮೆ ಸೊಂಟ ಸಡಿಲ ಮಾಡಿಕೊಟ್ಟಿದ್ದೆ. ನಾನು ಕಣ್ಣು ಮೇಲೆತ್ತಿದ್ದನ್ನು ನೋಡಿ, "ಯಾರಿಗೂ ಹೇಳಬ್ಯಾಡ್ರಿ" ಎಂದು ಸೇರಿಸಿದ.

ಹೇಳಬಾರದೆಂದು ಅವನು ಹೇಳುವ ಅಗತ್ಯವೇ ಇರಲಿಲ್ಲ. ಹೊಲಿಯುವವರು ಒಬ್ಬರ ಅಳತೆಯನ್ನು ಇನ್ನೊಬ್ಬರಿಗೆ ಹೇಳುವುದಿಲ್ಲ. ಈ ಗುಡ್ಡದ ಅರ್ಧಕ್ಕರ್ಧ ಹೆಂಗಸರ ಎದೆ, ಸೊಂಟ, ತೋಳು ನನ್ನ ಪುಸ್ತಕದಲ್ಲಿವೆ. ಯಾರು ದಪ್ಪಗಾದರು, ಯಾರು ಕರಗಿಹೋದರು, ಯಾರು ಬಸುರಿ ಎಂಬುದು ಅವರ ಮನೆಯವರಿಗಿಂತ ಮೊದಲು ನನ್ನ ಟೇಪಿಗೆ ಗೊತ್ತು. ಅಷ್ಟು ವರ್ಷದಲ್ಲಿ ಒಬ್ಬಳ ಅಳತೆಯೂ ನನ್ನ ಬಾಯಿಂದ ಹೊರಬಿದ್ದಿರಲಿಲ್ಲ. ಆದರೆ ಯಲ್ಲಪ್ಪನದು ನನಗೆ ಅಳತೆ ಎಂದು ಅನಿಸಲಿಲ್ಲ, ಫುಟ್‌ಬಾಲ್ ಎಂದು ಅನಿಸಿತು.

ಆ ಮಳೆಗಾಲ ಊರೆಲ್ಲ ಒಂದೇ ಸುದ್ದಿ. ಕುಡಚಡೆಯ ಜುಜೆ ಎಂಬ ಹುಡುಗ ತನ್ನ ಕ್ಲಬ್ ಬಿಡುತ್ತಾನಂತೆ, ಹಿಂದಿನ ವರ್ಷ ಅವನ ಕಾಲಿಂದ ಬಂದ ಗೋಲಿಗೆ ಲೆಕ್ಕವಿಲ್ಲವಂತೆ. ನನಗೆ ಕೂತಲ್ಲಿ ನಿಂತಲ್ಲಿ ಜುಜೆಯದೇ ಧ್ಯಾನ. ಅವನ ಹೆಸರಿನ ಪಟ್ಟಿಗೆಂದು ಒಳ್ಳೆಯ ಬಟ್ಟೆಯನ್ನೂ ಎತ್ತಿಟ್ಟುಬಿಟ್ಟಿದ್ದೆ. ಒಂದು ದಿನ ಸಂಜೆ ಮಳೆಗೆ ಸಿಕ್ಕಿಕೊಂಡ ಸೆಬಿ ಬಾಬ್ ನನ್ನ ಅಂಗಡಿಗೆ ನುಗ್ಗಿದರು. ಬಂದರಿನಲ್ಲಿ ನಮ್ಮವರ ಜೊತೆ ಕೆಲಸ ಮಾಡಿ ಮಾಡಿ ಅವರಿಗೂ ತಕ್ಕಮಟ್ಟಿಗೆ ಕನ್ನಡ ಬರುತ್ತಿತ್ತು, ನನ್ನನ್ನು ಮಾತ್ರ ತಮ್ಮ ಕೊಂಕಣಿಯ ರೂಢಿಯಂತೆ 'ಬಾಯ್' ಎನ್ನುತ್ತಿದ್ದರು. ಚಹಾ ಕೊಟ್ಟೆ. "ಜುಜೆ ಬರ್ತಾನಂತ. ಆದ್ರ ನೌಕರಿ ಖಾಲಿ ಇಲ್ಲ ಬಾಯ್. ಒಬ್ಬ ಬರಬೇಕಂದ್ರ ಒಬ್ಬ ಏಳಬೇಕು" ಎಂದು ಅವರು ನಿಟ್ಟುಸಿರು ಬಿಟ್ಟರು.

ನಾನು ಒಂದು ಕ್ಷಣವೂ ತಡೆಯಲಿಲ್ಲ. "ಅದಕ್ಕೇನ ಇಷ್ಟ ಚಿಂತಿ? ಯಲ್ಲಪ್ಪನ್ನ ತಗೀರಿ. ಒಂದ ವರ್ಷದಾಗ ಎರಡ ಸಲ ಅವನ ಚಡ್ಡಿ ನಡಾ ಬಿಟ್ಟೇನಿ ನಾ. ಹೊಟ್ಟಿ ಹೊತ್ಕೊಂಡು ಓಡೋದರಾಗ ಚೆಂಡು ಗೋಲಿನಾಗಿರತೈತಿ!"

ಸೆಬಿ ಬಾಬ್ ಚಹಾ ಕುಡಿದು, ನಕ್ಕು, ಮಳೆ ನಿಂತ ಮೇಲೆ ಹೋದರು. ನಾನೂ ನಕ್ಕೆ. ಎಂಥ ಚಲೋ ಮಾತು ಹೇಳಿದೆ ಎಂದು ಆಮೇಲೆ ಯಜಮಾನರಿಗೂ ಹೇಳಿ ಇನ್ನೊಮ್ಮೆ ನಕ್ಕೆ.

ಹದಿನೈದು ದಿನಕ್ಕೆ ಚೀಟಿ ಬಂತು. ಮೇಲೆ ಜುಜೆಯ ಹೆಸರು. ನಾನು ಕುರ್ಚಿಯಿಂದ ಹಾರಿ ಎದ್ದ ರಭಸಕ್ಕೆ ಪಕ್ಕದ ಅಂಗಡಿಯವರು ಏನಾಯಿತೆಂದು ಓಡಿಬಂದರು. ಅವರಿಗೆ ಚೀಟಿ ತೋರಿಸಲು ಹೋದಾಗ ಎರಡನೆಯ ಸಾಲು ಕಂಡಿತು. ಬಿಚ್ಚಬೇಕಾದ ಹೆಸರು, ಯಲ್ಲಪ್ಪ.

ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದೆ. ತಪ್ಪಾಗಿ ಬರೆದಿರಬೇಕು ಎಂದು ಸೆಬಿ ಬಾಬ್‌ಗೆ ಫೋನ್ ಹಚ್ಚಿದೆ. ಅವರು ಆಶ್ಚರ್ಯದಿಂದ, "ತುವೆಂಚ್ ಸಾಂಗ್‌ಲೆಂ ನ್ಹಯ್ ಗೊ?" ಎಂದರು. ಅಂದರೆ, ನೀನೇ ಅಲ್ಲವೇನಮ್ಮ ಹೇಳಿದ್ದು? "ನೀ ಹೇಳಿದ್ಮ್ಯಾಲೆ ಡಾಕ್ಟರ್ ಕಡೆ ತೋರ್ಸಿದ್ವಿ. ಅಂಗಿ ಎತ್ತಿದ್ರ ನಡಕ್ಕ ಇಷ್ಟು ದಪ್ಪ ಬೆಲ್ಟ್! ಬೆನ್ನು ಪೂರಾ ಹೋಗೇತಿ ಅವನ್ದು. ಚಲೋ ಹೇಳಿದಿ ಬಾಯ್."

ಬೆಲ್ಟ್. ಹೊಟ್ಟೆಯಲ್ಲ, ಬೆನ್ನುನೋವಿನ ಬೆಲ್ಟ್. ಅದರ ಮೇಲೆ ಚಡ್ಡಿ ಕೂರುತ್ತಿರಲಿಲ್ಲ, ಅದಕ್ಕೆ ನಡ ಬಿಡಿಸುತ್ತಿದ್ದ. ಜನ್ಮದಲ್ಲಿ ಒಂದೇ ಒಂದು ಸಲ ಒಬ್ಬರು ನನ್ನ ಮಾತು ಕೇಳಿದ್ದರು, ಅದಕ್ಕೆ ಒಂದು ಸಂಸಾರ ಮನೆ ಬಿಡಬೇಕಾಗಿತ್ತು.

ಮರುದಿನ ಯಲ್ಲಪ್ಪ ತಾನೇ ಜೆರ್ಸಿ ತಂದ. ತೊಳೆದು, ಒಂದು ಸುಕ್ಕೂ ಇರದಂತೆ ಮಡಚಿದ್ದ. ಗಿರಾಕಿಗಳ ಸ್ಟೂಲಿನ ಮೇಲೆ ಬೆನ್ನು ನೆಟ್ಟಗೆ ಇಟ್ಟುಕೊಂಡು ಕೂತ. ಇಷ್ಟು ದಿನ ಅದು ಗತ್ತು ಎಂದುಕೊಂಡಿದ್ದೆನಲ್ಲ, ನೋವು ಅದು. ನಾನು ಬ್ಲೇಡಿನಿಂದ ಒಂದೊಂದೇ ಹೊಲಿಗೆ ಬಿಚ್ಚತೊಡಗಿದೆ. ಬೈಯುತ್ತಾನೆ, ಈಗ ಬೈಯುತ್ತಾನೆ ಎಂದು ಕಾಯುತ್ತಿದ್ದೆ.

"ನೀವೊಬ್ರ ಬಾಯಿ ಬಿಡಲಿಲ್ಲ ನೋಡ್ರಿ ಅಕ್ಕಾರ" ಎಂದ ಅವನು.

ನಾನು ಬ್ಲೇಡು ಕೆಳಗಿಟ್ಟು ಅವನ ಮುಖ ನೋಡಿದೆ.

"ಬೆಲ್ಟ್ ಕಂಡಾಂವ ಒಬ್ಬನ ಒಬ್ಬ ರೀ. ರುಜಾರ. ನನ್ನ ಬೆನ್ನಿಗೆ ಎಣ್ಣಿ ತಿಕ್ಕತಿದ್ದ ಅಂವ. ಅವನ ಹೇಳ್ಯಾನ. ಇರ್ಲಿ, ಅವಂಗ ಚಲೋ ಆಗ್ಲಿ. ನಾ ಮಾತ್ರ ಇನ್ನ ಅವನ ಮಾರಿ ನೋಡಂಗಿಲ್ಲ."

ಅದೇ ಹೊತ್ತು. ಆಗ ನಾನು 'ಅವನಲ್ಲೋ, ನಾನು' ಎನ್ನಬೇಕಿತ್ತು. ಎರಡು ಶಬ್ದ. ದಿನಕ್ಕೆ ಹತ್ತು ಸಾವಿರ ಶಬ್ದ ಆಡುವ ಈ ಬಾಯಿಗೆ ಆ ಎರಡು ಬರಲಿಲ್ಲ. ನಾನು ತಲೆ ತಗ್ಗಿಸಿ ಉಳಿದ ಹೊಲಿಗೆ ಬಿಚ್ಚಿದೆ. ಆ ವಾರವೇ ಅವರು ಖೋಲಿ ಬಿಟ್ಟು ಕುಡಚಡೆಗೆ ಹೋದರು. ಅದಿರಿನ ಲಾರಿಗಳಿಗೆ ಚೀಟಿ ಬರೆಯುವ ಕೆಲಸ ಸಿಕ್ಕಿತ್ತಂತೆ.

ಜುಜೆ ಬಂದ, ಗೋಲು ಹೊಡೆದ. ನಾನು ಕನಸು ಕಂಡದ್ದೆಲ್ಲ ಆಯಿತು. ಮೊದಲ ಗೋಲಿಗೆ ಯಜಮಾನರು ಕುಣಿಯುತ್ತಿದ್ದಾಗ ನಾನು ಈ ಕಡೆಯ ಗೋಲಿನಲ್ಲಿ ಒಬ್ಬನೇ ನಿಂತಿದ್ದ ರುಜಾರ್‌ನನ್ನು ನೋಡುತ್ತಿದ್ದೆ. ಆಟ ಮುಗಿದ ಮೇಲೆ ಅವನು ನೇರ ನನ್ನ ಬಳಿ ಬಂದ. "ಅಕ್ಕಾರ, ಯಲ್ಲಪ್ಪ ನನ್ನ ಫೋನ್ ಎತ್ತವಲ್ಲ. ಏನಾಗೇತಿ ಅವಂಗ? ನಿಮಗೇನರ ಗೊತ್ತೈತೇನ್ರಿ?" ಎಂದು ಕೇಳಿದ. ಗೊತ್ತಿಲ್ಲ ಎಂದೆ. ನನ್ನ ಬಾಯಿಂದ ಅದು ಅಷ್ಟು ಸರಾಗವಾಗಿ ಬಂದದ್ದಕ್ಕೆ ನಾನೇ ಹೌಹಾರಿದೆ. ಆ ವರ್ಷದ ನಂತರ ಮೈದಾನದ ಕಡೆಗೆ ಹೋಗುವುದನ್ನು ಬಿಟ್ಟೆ. ಆಟವನ್ನು ಮೊಬೈಲಿನಲ್ಲಿ ನೋಡುತ್ತೇನೆ, ಅಲ್ಲಿ ಆಡುವವರ ಅಳತೆ ನನಗೆ ಗೊತ್ತಿರುವುದಿಲ್ಲ.

ಇದನ್ನೆಲ್ಲ ಹೋದ ಭಾನುವಾರ ಸುಟ್ಟ ಜೆರ್ಸಿಯನ್ನು ಹಿಡಿದುಕೊಂಡು ನೆನೆಸಿಕೊಳ್ಳುತ್ತ ಕೂತಿದ್ದೆ. ಮಧ್ಯಾಹ್ನದ ಊಟವಾಗಿ ಇನ್ನೂ ತಾಟು ತೊಳೆದಿರಲಿಲ್ಲ, ಬಾಗಿಲಲ್ಲಿ ಯಲ್ಲಪ್ಪ ಮತ್ತು ನೀಲವ್ವ ನಿಂತಿದ್ದರು. ಮಗಳ ಮದುವೆಯಂತೆ. ಇಷ್ಟು ವರ್ಷದಲ್ಲಿ ಅವರು ಹಬ್ಬಕ್ಕೊಮ್ಮೆ ಫೋನ್ ಮಾಡಿದ್ದುಂಟು, ನಾನು ಮುಖ ನೋಡಿರಲಿಲ್ಲ. ಅವನ ತಲೆ ನೆರೆತಿತ್ತು, ಬೆನ್ನು ಹಾಗೆಯೇ ನೆಟ್ಟಗಿತ್ತು. ನೀಲವ್ವ ಚೀಲದಿಂದ ಮದುಮಗಳ ಬ್ಲೌಸಿನ ಬಟ್ಟೆ ತೆಗೆದು, "ನಮ್ಮ ಮಗಳ ಬ್ಲೌಸ್ ನೀವ ಹೊಲಿಬೇಕ್ರಿ ಅಕ್ಕಾರ. ನಮ್ಮವರು ಬ್ಯಾರೆ ಯಾರ ಕಡೆನೂ ಕೊಡಂಗಿಲ್ಲ ಅಂತಾರ" ಎಂದಳು.

ಯಲ್ಲಪ್ಪ ಲಗ್ನಪತ್ರಿಕೆಯನ್ನು ಎರಡೂ ಕೈಯಿಂದ ಕೊಟ್ಟ. ಏನಾದರೂ ಮಾತಾಡಬೇಕಲ್ಲ ಎಂದು, "ಹಳೇ ಟೀಮಿನವರಿಗೆಲ್ಲಾ ಕೊಟ್ಟಿಯೇನೋ?" ಎಂದೆ.

"ಎಲ್ಲಾರಿಗೂ ಕೊಟ್ಟೇನ್ರಿ" ಎಂದ ಯಲ್ಲಪ್ಪ. "ಒಬ್ಬಾಂವನ್ನ ಬಿಟ್ಟು."

ನೀಲವ್ವ ನಡುವೆ ಬಾಯಿ ಹಾಕಿದಳು. "ನಾ ಎಷ್ಟು ಹೇಳಿದ್ರೂ ಕೇಳವಲ್ರು ನೋಡ್ರಿ. ನಮ್ಮ ಮಗಳನ್ನ ಹೆಗಲ ಮ್ಯಾಲೆ ಹೊತ್ತು ತಿರುಗಿಸಿದಾಂವ ಅಂವ. ಆಕಿ ಹೋದ ವಾರ ಕೇಳಿದ್ಲು, ರುಜಾರ್ ಕಾಕಾ ಬರಂಗಿಲ್ಲೇನು ಅಂತ."

ನಾನು ಬಟ್ಟೆಯನ್ನು ಮೇಜಿನ ಮೇಲೆ ಇಟ್ಟೆ. ಹೇಗೆ ಶುರು ಮಾಡಿದೆನೋ ತಿಳಿಯದು. "ಯಲ್ಲಪ್ಪಾ, ಅವನಲ್ಲೋ. ನಾನು. ನಾನ ಹೇಳಿದ್ದು ಸೆಬಿ ಬಾಬ್‌ಗೆ. ಬೆಲ್ಟ್ ಗೊತ್ತಿರಲಿಲ್ಲ ನಂಗ. ನಿನ್ನ ನಡಾ ಬಿಟ್ಟಿದ್ದು ಹೇಳಿದೆ. ಜುಜೆ ಬರ್ಲಿ ಅಂತ ಹೇಳಿದೆ. ನಗಾಕಂತ ಹೇಳಿದೆ."

ಕಿಟಕಿಯ ಹೊರಗೆ ಬಸ್ಸೊಂದು ಹಾರ್ನ್ ಹೊಡೆಯುತ್ತ ಗುಡ್ಡ ಹತ್ತಿತು. ನೀಲವ್ವನ ಕೈ ಬಾಯಿಯ ಮೇಲೆ ಹೋಗಿತ್ತು. "ನೀವ? ನೀವನ್ರಿ ಅಕ್ಕಾರ?" ಎಂದಳು, ಅಷ್ಟೇ. ಯಜಮಾನರು ಮೊಬೈಲ್ ಕೆಳಗಿಟ್ಟು ನನ್ನನ್ನು ನೋಡಿದರು. ಯಲ್ಲಪ್ಪ ನನ್ನನ್ನು ನೋಡಲಿಲ್ಲ. ಗೋಡೆಗೆ ಕೈ ಊರಿ, ಮೆಲ್ಲಗೆ ಸ್ಟೂಲಿನ ಮೇಲೆ ಕೂತ. ಬಟ್ಟೆಯನ್ನು ಎತ್ತಿಕೊಂಡು ಹೋಗುತ್ತಾನೆ, ಹೋಗಲಿ, ಅದು ಅವನಿಗೆ ಸಲ್ಲಬೇಕಾದ್ದೇ ಎಂದುಕೊಂಡೆ. ಬೈದರೆ ಬೈಸಿಕೊಳ್ಳಲು ಸಿದ್ಧವಾಗಿ ನಿಂತಿದ್ದೆ.

"ಹನ್ನೆರಡ ವರ್ಷ" ಎಂದ ಅವನು, ನೆಲಕ್ಕೆ ಹೇಳುವ ಹಾಗೆ. "ರುಜಾರನ ಅವ್ವ ತೀರ್ಕೊಂಡಾಗ ಸೈತ ಹೋಗಲಿಲ್ಲ ನಾ."

ಆಮೇಲೆ ಮುಖ ಎತ್ತಿದ. "ಅವನ ನಂಬರ ನಾ ಅಳಿಸಿಬಿಟ್ಟೇನ್ರಿ. ನಿಮ್ಮ ಕಡೆ ಐತೇನ್ರಿ?"

ಇತ್ತು. ರುಜಾರ್‌ನ ಹೆಂಡತಿಯ ಬಟ್ಟೆಯೂ ನನ್ನಲ್ಲೇ ಹೊಲಿಗೆಗೆ ಬರುತ್ತದೆ. ನನ್ನ ಫೋನಿನಿಂದಲೇ ಹಚ್ಚಿ ಅವನ ಕೈಗೆ ಕೊಟ್ಟೆ. ರಿಂಗ್ ಎರಡು ಸಲ ಆಯಿತು. ಹೊರಗಿನವರಿಗೂ ಕೇಳಿಸುವಂಥ ರುಜಾರ್‌ನ ದೊಡ್ಡ ದನಿ, "ಹಾಂ ಅಕ್ಕಾರ, ಹೇಳ್ರಿ. ಬ್ಲೌಸ್ ಆತೇನ್ರಿ?" ಎಂದಿತು.

ಯಲ್ಲಪ್ಪ ಫೋನನ್ನು ಕಿವಿಗೆ ಒತ್ತಿ ಹಿಡಿದ.

"ಅಕ್ಕಾರ ಅಲ್ಲಲೇ ರುಜಾರಾ. ನಾನು."

ಆ ಕಡೆಯಿಂದ ಮಾತಿಲ್ಲ. ಆದರೆ ಫೋನ್ ಇಡಲಿಲ್ಲ ರುಜಾರ್.