ಟವೆಲಿನ ಕೆಳಗೆ ಬಿಟ್ಟುಕೊಟ್ಟ ಲೇಥ್

ಏ ಬಾಗೇವಾಡಿ ಮಂದಿ, ಚಾದ ಕಪ್ಪು ಕೆಳಗಿಟ್ಟು ಈ ಕಡೆ ಕಿವಿ ಕೊಡ್ರೆಪಾ. ಇಂಡಿ ಊರಿನವ್ರು ಮುದ್ದಾಂ ಕೇಳ್ರಿ, ನಿಮ್ಮೂರಾಂವನ ಸುದ್ದಿ ಐತಿ.

ಸಿಂದಗಿಯ ಸಿದ್ದಾರೂಢ ಬಡಿಗೇರ ಪೂಲ್, ಸ್ನೂಕರ್ ಆಡುವ ಕೋಲುಗಳನ್ನು ರಿಪೇರಿ ಮಾಡುತ್ತಾನೆ. ಕಟ್ಟಿಗೆಯನ್ನು ತಿರುಗಿಸಿ ಕೆತ್ತುವ ಅವನ ಅಪ್ಪನ ಲೇಥ್ ಯಂತ್ರ ತೊಟ್ಟಿಲ ಕಾಲು ತಿರುವಲು ಮಾಡಿದ್ದು. ಅದರಲ್ಲಿ ಕಟ್ಟಿಗೆಯ ಎರಡೂ ತುದಿಗಳನ್ನು ಮೊಳೆಯಂಥ ಚೂಪಿಗೆ ಸಿಗಿಸಬೇಕು. ಆದರೆ ಕೋಲಿಗೆ ಕೆಲಸ ಬೀಳುವುದೇ ತುದಿಯಲ್ಲಿ, ಚೆಂಡಿಗೆ ತಾಗುವ ಚರ್ಮದ ಟಿಪ್ಪಿನಲ್ಲಿ. ಚೂಪಿಗೆ ಸಿಗಿಸಿದ ತುದಿಯನ್ನು ಕೆತ್ತಲಾಗುವುದಿಲ್ಲ, ಹಾಗಾಗಿ ಟಿಪ್ಪನ್ನು ಕೈಯಿಂದಲೇ ಉಜ್ಜುತ್ತಿದ್ದ. ಒಮ್ಮೆ ಒಂದು ಟಿಪ್ಪು ವಾರೆಯಾಯಿತು.

ಆ ಕೋಲು ಇಂಡಿ ಊರಿನ ಕ್ಲಬ್ಬಿನ ಮಾಲೀಕ ಚೇತನಕುಮಾರನದು. ಅವನು ಸಿದ್ದಾರೂಢನನ್ನು ಕರೆಸಿ, ಆಟಗಾರರೆಲ್ಲ ನೋಡುತ್ತಿರುವಾಗ ಕೋಲನ್ನು ಅವನ ಕೈಗಿಟ್ಟ.

"ಹಿಡಿ, ಎಮ್ಮಿ ಕಾಯಾಕ ಬರ್ತೈತಿ. ನಿಮ್ಮಪ್ಪ ತೊಟ್ಲಾ ಮಾಡ್ತಿದ್ದ, ನೀನೂ ಅದನ್ನ ಮಾಡು. ಕೂಸು ವಾರೆ ಮಲಗಿದ್ರ ಯಾರೂ ಕೇಳೂದಿಲ್ಲ."

ಎಲ್ಲರೂ ನಕ್ಕರು. ಅದಾದ ಮೇಲೆ ಎರಡು ವರ್ಷ, ಯಾರಾದರೂ ಇಂಡಿ ಊರಿನ ಹೆಸರೆತ್ತಿದರೆ ಸಿದ್ದಾರೂಢ ಊಟ ಬಿಟ್ಟು ಏಳುತ್ತಿದ್ದ. "ಅವಾ ನನ್ನ ಬಾಗಿಲಿಗಿ ಬರ್ಬೇಕು" ಎನ್ನುವುದೊಂದೇ ಮಾತು.

ಈ ವರ್ಷ ಸುತ್ತಲಿನ ನಾಲ್ಕು ತಾಲ್ಲೂಕಿನ ಕ್ಲಬ್ಬಿನವರು, ಒಳ್ಳೆಯ ಲೇಥ್ ಇದ್ದವನಿಗೇ ರಿಪೇರಿಯನ್ನೆಲ್ಲ ಕೊಡುವುದೆಂದು ಮಾತಾಡಿಕೊಂಡರು. ಚೇತನಕುಮಾರ ತಾನೇ ಒಂದನ್ನು ಕೊಳ್ಳಲು ಹೊರಟ. ಸರಿಯಾದದ್ದು ಅವನಿಗೆ ಸಿಕ್ಕರೆ ಸಿದ್ದಾರೂಢನ ಕಸುಬು ಅಲ್ಲಿಗೆ ಮುಗಿಯಿತು.

ಮುದ್ದೇಬಿಹಾಳದಲ್ಲಿ ಪಂಪಿನ ಶಾಫ್ಟ್ ತಿರುವುವ ಜೈನುದ್ದೀನ ಚಾಚಾ ಅಂಗಡಿ ಮುಚ್ಚುತ್ತಿದ್ದರು. ಅಲ್ಲಿ ಎರಡು ಲೇಥ್ ಇದ್ದವು. ಒಂದು ಎಂಟು ಅಡಿ ಉದ್ದ, ಹೊಸ ಬಣ್ಣ ಬಳಿದದ್ದು. ಇನ್ನೊಂದು ಗಿಡ್ಡ, ಜಂಗು ಹಿಡಿದದ್ದು. ಸಿದ್ದಾರೂಢನೂ ಅವನ ಗೆಳೆಯನಾದ ನಾನೂ ಹೋಗುವಷ್ಟರಲ್ಲಿ ಚೇತನಕುಮಾರ ಉದ್ದನೆಯದರ ಸುತ್ತ ತಿರುಗುತ್ತಿದ್ದ.

ಅವನು ಫೋನ್ ಬಂತೆಂದು ಹೊರಗೆ ಹೋದ. ಸಿದ್ದಾರೂಢ ಜೇಬಿನಿಂದ ಹಳೆಯ ಕೋಲಿನ ದಪ್ಪ ಕಡೆಯ ತುಂಡೊಂದನ್ನು ತೆಗೆದು, ಎರಡೂ ಲೇಥಿನ ತಲೆಯಲ್ಲಿರುವ ತೂತಿಗೆ ಹಿಡಿದು ನೋಡಿದ. ಉದ್ದನೆಯದರ ತೂತಿನಲ್ಲಿ ಬೆರಳಷ್ಟೇ ಹೋಯಿತು, ತುಂಡು ಹೋಗಲಿಲ್ಲ. ಗಿಡ್ಡದರಲ್ಲಿ ತುಂಡು ಆಚೆ ಕಡೆಯಿಂದ ಸಲೀಸಾಗಿ ಬಂತು. ಅಂದರೆ ಇಡೀ ಕೋಲನ್ನು ಹಿಂದಿನಿಂದ ತೂರಿಸಿ, ಟಿಪ್ಪಿನ ತುದಿಯಷ್ಟನ್ನೇ ಮುಂದೆ ಬಿಟ್ಟು ತಿರುವಬಹುದು. ಲೇಥ್ ಎಷ್ಟು ಉದ್ದ ಎನ್ನುವ ಗೊಡವೆಯೇ ಇಲ್ಲ.

ಚಾಚಾ ಎಲ್ಲ ವ್ಯಾಪಾರವನ್ನೂ ದನದ ಸಂತೆಯವರಂತೆ ಮಾಡುವವರು, ಟವೆಲಿನ ಕೆಳಗೆ ಬೆರಳು ಹಿಡಿದು ಗುಟ್ಟಾಗಿ ದರ ಹೇಳಿ. ಚೇತನಕುಮಾರ ಒಳಗೆ ಬಂದದ್ದನ್ನು ನೋಡಿ ಸಿದ್ದಾರೂಢ ಉದ್ದನೆಯ ಲೇಥಿನ ಪಕ್ಕ ನಿಂತು ಟವೆಲಿನೊಳಗೆ ಕೈ ಹಾಕಿದ. ಬಹಳ ಹೊತ್ತು ತೆಗೆಯಲಿಲ್ಲ. ತಲೆ ಅಲ್ಲಾಡಿಸಿದ, ಉಸಿರು ಬಿಟ್ಟ, ಮತ್ತೆ ಒತ್ತಿದ.

"ಕೋಲು ಐದು ಫೂಟು ಇರ್ತೈತಿ ಚಾಚಾ. ನನಗ ಇದ ಬೇಕು."

ಚೇತನಕುಮಾರ ನಡುವೆ ನುಗ್ಗಿದ. "ಸರಿ ಬಾಜೂಕ. ತೊಟ್ಲಾ ಮಾಡಾಂವಗ ಎಂಟು ಫೂಟು ಯಾಕ? ಚಾಚಾ, ನೀವು ಹೇಳಿದ ದರ ಕೊಡ್ತೇನಿ. ಇದು ನಂದಾತು."

"ಹಂಗಾರ ಆ ಜಂಗು ಹಿಡದದ್ದನ್ನಾರ ನನಗ ಕೊಡ್ರಿ" ಎಂದು ಸಿದ್ದಾರೂಢ ಮುಖ ಸಣ್ಣದು ಮಾಡಿದ.

ಚೇತನಕುಮಾರನ ಲಾರಿ ಹೊರಟ ಮೇಲೆ ಚಾಚಾ ಸಿದ್ದಾರೂಢನನ್ನು ದಿಟ್ಟಿಸಿದರು. "ತಮ್ಮಾ, ನೀ ಒಂದ ಬೆರಳೂ ಹಿಡೀಲಿಲ್ಲ. ಬರೇ ನನ್ನ ಅಂಗೈ ಒತ್ತಾಕತ್ತಿದ್ದಿ."

"ಬ್ಯಾನಿ ಆತೇನ್ರಿ?"

"ಆ ಲೇಥಿನ್ಯಾಗ ಕೋಲು ತೂರೂದಿಲ್ಲಂತ ಅವಗ ಹೇಳ್ಬೇಕಿತ್ತಿಲ್ಲೊ."

"ಅವ್ರು ಕೇಳಲಿಲ್ಲರಿ."

"ನನ್ನೂ ಕೇಳಲಿಲ್ಲ ಬಿಡು" ಎಂದು ಚಾಚಾ ಟವೆಲ್ ಝಾಡಿಸಿದರು.

ಸಂಜೆಗೆ ಗಿಡ್ಡ ಲೇಥ್ ಸಿಂದಗಿಯಲ್ಲಿ ತಿರುಗುತ್ತಿತ್ತು. ಎರಡನೆಯ ಕೋಲಿನ ಟಿಪ್ಪು ಕೆತ್ತುವಾಗ ಚೇತನಕುಮಾರನ ಫೋನ್ ಬಂತು. ಸಿದ್ದಾರೂಢ ಸ್ಪೀಕರ್ ಹಾಕಿಯೇ ಎತ್ತಿದ.

"ಏ, ಇದರಾಗ ಕೋಲು ತೂರವಲ್ದು. ತುದಿ ಹ್ಯಾಂಗ ಕೆತ್ತೂದು?"

"ಉದ್ದ ಐತಲ್ರಿ ಸಾವ್ಕಾರ್ರ."

"ಚ್ಯಾಷ್ಟಿ ಬ್ಯಾಡ. ನಾಡಿದ್ದು ಬಾಗೇವಾಡ್ಯಾಗ ಪಂದ್ಯ ಐತಿ. ಹನ್ನೊಂದು ಕೋಲು ಕೆಟ್ಟಾವ."

"ತೊಗೊಂಡು ಬರ್ರಿ. ಆಳಿನ ಕೈಯಾಗ ಕಳಸಬ್ಯಾಡ್ರಿ, ನೀವ ಬರ್ರಿ. ಹೊರಗ ಕಟ್ಟಿ ಐತಿ. ಪಾಳಿ ಬರೂತನಾ ಅದರ ಮ್ಯಾಲ ಕುಂಡ್ರಬೇಕು."

ಆ ಕಡೆ ಅವನು ಆಳಿಗೆ ಕೋಲುಗಳನ್ನು ಕಟ್ಟಿಡಲು ಹೇಳಿದ್ದು ಕೇಳಿಸಿತು. ಆಮೇಲೆ, "ಮುಂಜಾನೆ ಬರ್ತೇನಿ."

ಸಿದ್ದಾರೂಢ ಕೈಯ ಎಣ್ಣೆ ಒರೆಸಿಕೊಂಡ. ಫೋನಿನಲ್ಲಿ ಚೇತನಕುಮಾರನ ಹೆಸರು ಅಳಿಸಿ, ಅದೇ ನಂಬರಿಗೆ 'ಗಿರಾಕಿ' ಎಂದು ಬರೆದುಕೊಂಡ.