ಶೇವಂತಾ ಮಾವಶಿ ಕೇಳಿದ ಜಾಲರಿ

ಬೆಳಗಿನ ಐದೂವರೆಗೆ ಶೇವಂತಾಬಾಯಿ ವಾಯದಂಡೆ ಹೆಣ್ಣುಮಕ್ಕಳ ವಾರ್ಡಿನ ಬಾಗಿಲು ನೂಕಿ ಒಳಗೆ ಬರುತ್ತಾರೆ. ಎಡಗೈಯಲ್ಲಿ ಫಿನಾಯಿಲ್ ಬಕೆಟ್, ಬಲಗೈಯಲ್ಲಿ ನೆಲ ಒರೆಸುವ ಕೋಲು. ಬಲಗೈಯಲ್ಲಿ ಇರುವುದು ಮೂರೇ ಬೆರಳು. ಆ ಮೂರರಲ್ಲೇ ಅವರು ಬಟ್ಟೆ ಹಿಂಡುವುದನ್ನು ನೋಡಿದರೆ ಐದಿರುವವರು ನಾಚಬೇಕು. ಸಾಂಗ್ಲಿ ಕಡೆಯ ಈ ತಾಲೂಕು ಊರಿನ ಸರ್ಕಾರಿ ದವಾಖಾನೆಯಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವರೇ ಇಲ್ಲ. ಡಾಕ್ಟರಿಗೂ ಅವರು ಮಾವಶಿ, ನರ್ಸಿಗೂ ಮಾವಶಿ, ನಿನ್ನೆ ರಾತ್ರಿ ಸೇರಿದ ರೋಗಿಗೂ ಮಾವಶಿ. ತಾಯಿಯ ತಂಗಿಯನ್ನು ಕರೆಯುವ ಹೆಸರಿನಿಂದ ಕರೆಸಿಕೊಂಡು ಹತ್ತೊಂಬತ್ತು ವರ್ಷದಿಂದ ನೆಲ ಒರೆಸುತ್ತಿದ್ದಾರೆ.

ಅದು ಮಾರ್ಚ್ ತಿಂಗಳು, ಅರಿಶಿನದ ಸುಗ್ಗಿ. ಏಳನೇ ಮಂಚದ ಕೆಳಗೆ ಬಗ್ಗಿದ ಮಾವಶಿಯ ಕಣ್ಣಿಗೆ, ಮೇಲಿನಿಂದ ಇಳಿಬಿದ್ದ ಒಂದು ಎಡಗೈ ಬೀಳುತ್ತದೆ. ಉಗುರಿನ ಸಂದಿಯಲ್ಲೆಲ್ಲ ಹಳದಿ. ಎದ್ದು ನೋಡಿದರೆ ಇಪ್ಪತ್ತನಾಲ್ಕರ ಒಬ್ಬ ಹುಡುಗಿ, ಮೈನಾ ಐವಳೆ. ಬಲಗೈಗೆ ಮೊಳಕೈತನಕ ಬ್ಯಾಂಡೇಜು. ನಾಲ್ಕು ಬೆರಳು ಹೋಗಿವೆ. ಪಕ್ಕದ ಸ್ಟೂಲಿನ ಮೇಲೆ ಅವಳ ಅತ್ತೆ, ಕೈಯಲ್ಲಿ ಕೇಸ್ ಪೇಪರು.

“ಏನಾತ ಪೋರಿ?”

“ಮನ್ಯಾಗ ಕಣಿಕಿ ಕತ್ತರಿಸೋ ಮಶೀನಿಗೆ ಸಿಕ್ತು ಮಾವಶಿ. ತಪ್ಪು ನಂದ.”

ಮಾವಶಿ ಕೋಲು ನಿಲ್ಲಿಸುತ್ತಾರೆ. “ದನ ಎಷ್ಟವ ನಿಮ್ಮನ್ಯಾಗ?”

ಹುಡುಗಿ ಅತ್ತೆಯ ಮುಖ ನೋಡುತ್ತಾಳೆ. ಅತ್ತೆ ಗೋಡೆ ನೋಡುತ್ತಾಳೆ. “ದನ ಇಲ್ಲ.”

“ದನ ಇಲ್ಲದ ಮನ್ಯಾಗ ಕಣಿಕಿ ಯಾರು ತಿಂತಾರಬೇ? ನೀನೋ, ನಿಮ್ಮತ್ತಿನೋ?”

ಎಂಟನೇ ಮಂಚದ ಮುದುಕಿ ನೋವಿನಲ್ಲೂ ಕಿಸಕ್ಕೆಂದು ನಗುತ್ತಾಳೆ. ಮೈನಾ ಮಾತ್ರ ಅಳಲು ಶುರು ಮಾಡುತ್ತಾಳೆ. ಉಗುರಿನ ಹಳದಿ ನೋಡಿ, ಯಾರ ಗಿರಣಿ ಎಂದು ಮಾವಶಿ ಮೆಲ್ಲಗೆ ಕೇಳುತ್ತಾರೆ. ಹೊಳೆ ದಂಡೆಯ ಅರಿಶಿನ ಗಿರಣಿ ಎನ್ನುತ್ತಾಳೆ ಹುಡುಗಿ. ಒಣಗಿದ ಅರಿಶಿನದ ಕೊಂಬುಗಳನ್ನು ಉರುಳಿಸಿ ಹೊಳಪು ಕೊಡುವ ಪೀಪಾಯಿ, ಅದನ್ನು ತಿರುಗಿಸುವ ಬೆಲ್ಟು. ಬೆಲ್ಟು ಸೆರಗು ಎಳೆದಿದೆ. ಸೆರಗು ಬಿಡಿಸಿಕೊಳ್ಳಲು ಹೋದ ಕೈಯನ್ನೂ ಎಳೆದಿದೆ.

ಮಾವಶಿ ಅವಳ ಹತ್ತಿರ ಬಗ್ಗುತ್ತಾರೆ. “ಬೆಲ್ಟಿನ ಮ್ಯಾಲ ಜಾಲರಿ ಇರಲಿಲ್ಲೇನ?”

“ಯಾವ ಜಾಲರಿ? ಮೂರು ವರ್ಷಾತು ಕೆಲಸಕ್ಕ ಹೊಂಟು. ಜಾಲರಿ ಗೀಲರಿ ನಾ ನೋಡೇ ಇಲ್ಲ.”

ಕೋಲು ಕೈಯಿಂದ ಜಾರಿ ಬಕೆಟ್ಟಿಗೆ ಬಡಿದು, ಫಿನಾಯಿಲ್ ನೀರೆಲ್ಲ ವಾರ್ಡಿನ ತುಂಬ ಹರಿಯುತ್ತದೆ. ಹತ್ತೊಂಬತ್ತು ವರ್ಷದಲ್ಲಿ ಮಾವಶಿ ಬಕೆಟ್ ಚೆಲ್ಲಿದ್ದು ಅದೇ ಮೊದಲು ಎಂದು ನರ್ಸು ಈಗಲೂ ನೆನೆಯುತ್ತಾರೆ.

ಮಾವಶಿಯ ಎರಡು ಬೆರಳು ತಿಂದದ್ದೂ ಅದೇ ಗಿರಣಿ, ಅದೇ ಬೆಲ್ಟು. ಇಪ್ಪತ್ತೊಂದು ವರ್ಷದ ಹಿಂದೆ. ಆಗ ಅವರಿಗೆ ಮೂವತ್ತೊಂದು. ಗಂಡ ಅರಿಶಿನ ಪೇಟೆಯಲ್ಲಿ ಹಮಾಲ, ಮನೆಯಲ್ಲಿ ಎರಡು ಹೆಣ್ಣುಮಕ್ಕಳು. ಬೆರಳು ಹೋದ ಮರುದಿನ ಗಿರಣಿ ಮಾಲೀಕರ ಹೆಂಡತಿ, ಊರಿಗೆಲ್ಲ ಅತ್ತಿಗೆಯಾದ ಕುಸುಮ್ ವಹಿನಿ ತಾವೇ ದವಾಖಾನೆಗೆ ಬಂದರು. ಕೈಯಲ್ಲಿ ತಟ್ಟೆ. ತಟ್ಟೆಯಲ್ಲಿ ತೆಂಗಿನಕಾಯಿ, ಅಕ್ಕಿ, ಕುಬಸದ ಖಣ, ಉತ್ತತ್ತಿ, ಅರಿಶಿನ ಕುಂಕುಮ. ಮಂಚದ ಪಕ್ಕ ನಿಂತು, ತವರಿನವರು ಮಗಳ ಮಡಿಲು ತುಂಬುವಂತೆ ಶೇವಂತಾಬಾಯಿಯ ಉಡಿ ತುಂಬಿದರು. “ನೀ ನಮ್ಮನಿ ಹೆಣ್ಣುಮಗಳಿದ್ದಂಗ. ನಮ್ಮ ನಿಮ್ಮ ನಡುವ ಪೊಲೀಸರು ಯಾಕಬೇ?” ಎಂದರು.

ಉಡಿ ತುಂಬಿದವಳ ಮನೆಯ ವಿರುದ್ಧ ಈ ಕಡೆಯ ಹೆಣ್ಣು ಬಾಯಿ ತೆರೆಯುವುದಿಲ್ಲ. ತೆರೆದರೆ ತವರಿಗೆ ಕೆಡುಕು ಬಯಸಿದಂತೆ. ದವಾಖಾನೆಯಲ್ಲಿ ಯಾರಾದರೂ ಉಡಿ ತಟ್ಟೆ ತಂದರೆಂದರೆ ಅದರ ಹಿಂದೆ ಒಂದು ಕಾಗದವೂ ಬರುತ್ತದೆ ಎಂಬುದು ಊರಿಗೆಲ್ಲ ಗೊತ್ತು. ಆದರೂ ಸೆರಗು ಒಡ್ಡದವರಿಲ್ಲ. ಶೇವಂತಾಬಾಯಿಯೂ ಒಡ್ಡಿದರು. ಕಾಗದದಲ್ಲಿ ಬರೆದಿತ್ತು: ಮನೆಯಲ್ಲಿ ಕಣಿಕೆ ಕತ್ತರಿಸುವಾಗ ನನ್ನದೇ ಅಜಾಗರೂಕತೆಯಿಂದ. ಓದು ಬಾರದ ಅವರು ಹೆಬ್ಬಟ್ಟು ಒತ್ತಿದರು. ಒತ್ತುವ ಮೊದಲು ಒಂದೇ ಒಂದು ಮಾತು ಕೇಳಿದ್ದರು.

“ವಹಿನಿ, ಆ ಬೆಲ್ಟಿಗೆ ಒಂದು ಜಾಲರಿ ಹಾಕಸ್ರಿ. ನನ್ನ ಜಾಗಾಕ್ಕ ನಾಳೆ ಬ್ಯಾರೆಯಾಕಿ ಬರ್ತಾಳ.”

“ಹಾಕಸ್ತೀನಿ. ದೇವರಾಣಿ.”

ಈಗ ಆ ದಿನಗಳನ್ನು ನೆನೆದು ಮಾವಶಿ, “ಎರಡು ಬೆರಳು ಹೋದ್ರ ಹೋದ್ವು, ಅದರಿಂದ ಒಂದು ಜಾಲರಿ ಬಂತಲ್ಲ ಅಂದ್ಕೊಂಡಿದ್ದೆ. ಹಂಗ ಅಂದ್ಕೊಂಡ ಇಪ್ಪತ್ತೊಂದು ವರ್ಷ ನಿದ್ದಿ ಮಾಡೀನ್ರಿ. ಮೈನಾ ಬಾಯಿಬಿಟ್ಟಾಗ, ಈ ಪೋರಿ ಬೆರಳು ಕತ್ತರಿಸಿದಾಕಿ ನಾನ ಏನೋ ಅನಿಸ್ತು” ಎನ್ನುತ್ತಾರೆ.

ಮಾವಶಿಯ ಪಾಲಿಗೆ ಎರಡು ವಾರ್ಡು, ನಲವತ್ತೆರಡು ಮಂಚ, ದಿನಕ್ಕೆ ಹದಿನಾಲ್ಕು ಬಕೆಟ್ ನೀರು. ಬೆಳಗಿನ ಐದರ ಬಸ್ಸಿಗೆ ಏಳು ಕಿಲೋಮೀಟರ್ ದೂರದ ಹಳ್ಳಿಯಿಂದ ಬಂದರೆ ಮಧ್ಯಾಹ್ನ ಎರಡಕ್ಕೆ ವಾಪಸು. ರೊಟ್ಟಿ, ಹಸಿಮೆಣಸಿನ ಠೇಚಾ, ಮೇಲೊಂದು ಲೋಟ ಚಹಾ. ಕೆಲಸ ಗುತ್ತಿಗೆಯದ್ದು. ಯಾವ ದಿನ ನಾಳೆಯಿಂದ ಬರಬೇಡ ಎಂದರೂ ಕೇಳುವವರಿಲ್ಲ.

ಕಾನೂನು ಅವರ ಕಿವಿಗೆ ಬಿದ್ದದ್ದು ನೆಲ ಒರೆಸುತ್ತಲೇ. ಹನ್ನೆರಡು ವರ್ಷದ ಹಿಂದೆ ದವಾಖಾನೆಯ ಹಾಲಿನಲ್ಲಿ ಉಚಿತ ಕಾನೂನು ನೆರವಿನ ಶಿಬಿರ ನಡೆಯಿತು. ಕುರ್ಚಿ ಜೋಡಿಸಿ ಕಸ ಗುಡಿಸಲು ಕಳಿಸಿದ್ದ ಮಾವಶಿ ಬಾಗಿಲ ಹಿಂದೆಯೇ ನಿಂತುಬಿಟ್ಟರು. ಭಾಷಣ ಮುಗಿದ ಮೇಲೆ ವಕೀಲೆ ಯಾಸ್ಮಿನ್ ಮುಲ್ಲಾ ಅವರ ಮುಂದೆ ಮೂರು ಬೆರಳಿನ ಕೈ ಚಾಚಿದರು.

“ತಪ್ಪು ನಂದ ಅಂತ ಬರಕೊಟ್ಟೀನ್ರಿ. ಈಗೇನರ ಆಗತೈತೇನು?”

ಪರಿಹಾರ ಕೇಳುವ ಗಡುವು ಎಂದೋ ದಾಟಿಹೋಗಿತ್ತು. ಅದಕ್ಕಿಂತ ದೊಡ್ಡ ಆಘಾತ ಮುಂದಿತ್ತು. ಕೆಲಸದ ಹೊತ್ತಿನಲ್ಲಿ, ಕೆಲಸದ ಜಾಗದಲ್ಲಿ ಗಾಯವಾಯಿತು ಎಂದು ತೋರಿಸಿದ್ದರೆ ಸಾಕಿತ್ತಂತೆ. ಕಾರ್ಮಿಕ ಪರಿಹಾರಕ್ಕೆ ಮಾಲೀಕನ ತಪ್ಪು ಸಾಬೀತು ಮಾಡಬೇಕಾಗಿಯೂ ಇಲ್ಲ, ಕೆಲಸದವಳ ಸಣ್ಣ ಮೈಮರೆವು ಅಡ್ಡಿಯೂ ಅಲ್ಲ. “ತಪ್ಪು ನಂದ ಅಂದದ್ದಕ್ಕ ನೀವು ಕೆಟ್ಟಿಲ್ಲ ಮಾವಶಿ. ಮನ್ಯಾಗ ಆತು ಅಂದದ್ದಕ್ಕ ಕೆಟ್ಟಿರಿ” ಎಂದರಂತೆ ಯಾಸ್ಮಿನ್. ಒಂದು ಸುಳ್ಳು ಜಾಗ ಬರೆದದ್ದಕ್ಕೆ ಒಬ್ಬ ಹೆಣ್ಣುಮಗಳ ಹಕ್ಕೆಲ್ಲ ನೀರುಪಾಲು!

ಅಂದಿನಿಂದ ಪೆಟ್ಟಾಗಿ ಬಂದ ಪ್ರತಿಯೊಬ್ಬರ ಮಂಚದ ಕೆಳಗೆ ಒರೆಸುವಾಗಲೂ ಮಾವಶಿ ಗೊಣಗುವಂತೆ ಅದೇ ಮಾತು ಹೇಳುತ್ತಾರೆ. ಎಲ್ಲಿ ಆಯಿತೋ ಅಲ್ಲೇ ಆಯಿತು ಅನ್ನು. ಡಾಕ್ಟರು ಮೊದಲು ಏನು ಬರೆದರೋ ಕೇಳಿ ತಿಳಿದುಕೋ. ರಕ್ತದ ಬಟ್ಟೆ ಹೊಳೆಗೆ ಬಿಡಬೇಡ, ಒಣಗಿಸಿ ಕಟ್ಟಿಡು. ಓದಿಸಿ ಕೇಳದೆ ಹೆಬ್ಬಟ್ಟು ಒತ್ತಬೇಡ. ಕೋರ್ಟಿನ ಹಿಂದಿನ ಕೋಣೆಯಲ್ಲಿ ಯಾಸ್ಮಿನ್ ಬಾಯಿ ಇರುತ್ತಾರೆ, ಹೆಣ್ಣುಮಕ್ಕಳಿಗೆ ಫೀ ಇಲ್ಲ.

“ನಮ್ಮ ಕೋಣಿಗೆ ಬರೋ ಹತ್ತು ಮಂದ್ಯಾಗ ಆರು ಮಂದಿ, ನೆಲಾ ಒರೆಸೋ ಮಾವಶಿ ಕಳಿಸ್ಯಾಳ ಅಂತಾರ” ಎಂದು ಯಾಸ್ಮಿನ್ ನಗುತ್ತಾರೆ. “ನಮ್ಮ ಬೋರ್ಡು ಓದಿ ಬಂದವರು ಒಬ್ಬರೂ ಇಲ್ಲ!”

ಮತ್ತೆ ಮಾರ್ಚಿನ ಆ ದಿನಕ್ಕೆ. ಬೆಳಗ್ಗೆ ಹತ್ತಕ್ಕೆ ವಾರ್ಡಿನ ಬಾಗಿಲಲ್ಲಿ ಇಳಕಲ್ ಸೀರೆಯ ಸದ್ದು. ಕುಸುಮ್ ವಹಿನಿ ಬಂದಿದ್ದಾರೆ. ಕೂದಲು ನರೆತಿದೆ, ತಟ್ಟೆ ಮಾತ್ರ ಅದೇ: ಕಾಯಿ, ಅಕ್ಕಿ, ಖಣ. ಹಿಂದೆ ಗಿರಣಿಯ ಗುಮಾಸ್ತ, ಅವನ ಬಗಲಲ್ಲಿ ಕಾಗದ. ಹೇಳಿಕೆ ಬರೆದುಕೊಳ್ಳಲು ಬಂದ ಹವಾಲ್ದಾರ್ ಪಾಟೋಳೆ ಬಾಗಿಲ ಬಳಿ ಪೆನ್ನು ತಿರುವುತ್ತ ನಿಂತಿದ್ದಾರೆ. ಮೈನಾ ಏಳನೆಯ ತರಗತಿ ಕಲಿತವಳು. ಆದರೆ ಸಹಿ ಮಾಡುವ ಕೈಯೇ ಇಲ್ಲವಲ್ಲ, ಹೆಬ್ಬಟ್ಟು ಸಾಕು ಎಂದು ಗುಮಾಸ್ತ ಶಾಯಿಯ ಡಬ್ಬಿಯನ್ನೂ ತಂದಿದ್ದಾನೆ. ಅಬ್ಬಾ, ಎಂಥ ಮುಂದಾಲೋಚನೆ!

ಉಡಿ ಒಡ್ಡಲು ಎರಡು ಕೈ ಬೇಕು. ಮೈನಾಳ ಸೆರಗಿನ ಒಂದು ತುದಿಯನ್ನು ಅವಳ ಎಡಗೈ ಹಿಡಿದರೆ, ಇನ್ನೊಂದನ್ನು ಅತ್ತೆ ಹಿಡಿಯುತ್ತಾಳೆ. ಅಕ್ಕಿ ಬೀಳುತ್ತದೆ, ಕಾಯಿ ಬೀಳುತ್ತದೆ.  “ನೀ ನಮ್ಮನಿ ಹೆಣ್ಣುಮಗಳಿದ್ದಂಗ” ಎನ್ನುತ್ತಾರೆ ವಹಿನಿ. ಅದೇ ಮಾತು, ಒಂದಕ್ಷರವೂ ಬದಲಾಗಿಲ್ಲ. ಗುಮಾಸ್ತ ಡಬ್ಬಿಯ ಮುಚ್ಚಳ ತೆಗೆಯುತ್ತಾನೆ.

ಕೋಲು ಗೋಡೆಗೆ ಒರಗಿಸಿ ಮಾವಶಿ ಮಂಚದ ಬಳಿಗೆ ಬರುತ್ತಾರೆ.

“ಪೋರಿ, ಉಡಿ ಇಟ್ಕೋ. ಉಡಿ ದೇವಿದು, ಒಲ್ಲೆ ಅನಬ್ಯಾಡ. ಹೆಬ್ಬಟ್ಟು ಕಾನೂನಿಂದು. ಅದನ್ನ ಇದಕ್ಕ ಗಂಟು ಹಾಕಬ್ಯಾಡ.”

“ಯಾರ ಈಕಿ?” ವಹಿನಿ ಹುಬ್ಬು ಗಂಟಿಕ್ಕುತ್ತಾರೆ. “ಕಸಾ ಹೊಡಿಯಾಕಿಗೆ ಏನ್ ಕೆಲಸ ಇಲ್ಲಿ? ಈ ಗುತ್ತಿಗಿ ನನ್ನ ತಮ್ಮಂದು, ಗೊತ್ತೈತಿಲ್ಲ?”

ಮಾವಶಿ ಬಲಗೈ ಎತ್ತಿ ಅವರ ಮುಖದ ಮುಂದೆ ಹಿಡಿಯುತ್ತಾರೆ. “ಗುರುತು ಸಿಗಲಿಲ್ಲೇನ್ರಿ? ಇಪ್ಪತ್ತೊಂದು ವರ್ಷದ ಹಿಂದ ನನ್ನ ಉಡಿ ತುಂಬಿದ್ರಿ. ಜಾಲರಿ ಹಾಕಸ್ತೀನಿ ಅಂತ ದೇವರಾಣಿ ಮಾಡಿದ್ರಿ.”

 ನಾಲ್ಕು ಜನರೆದುರು ಸುಳ್ಳಿ ಅನ್ನಿಸಿಕೊಳ್ಳುವುದು ವಹಿನಿಗೆ ಆಗದು. ಆಣೆ ತಪ್ಪಿದವಳು ಎಂಬ ಮಾತಂತೂ ಮನಸ್ಸಿಗೆ ಚುಚ್ಚಿದೆ. ಧ್ವನಿ ಏರುತ್ತದೆ.

“ಹಾಕಸಿದ್ದೆ! ಸುಳ್ಳ ಹೇಳ್ತೀನೇನು? ಎಂಟ ದಿನದಾಗ ಕಬ್ಬಿಣದ ಜಾಲರಿ ಮಾಡಿಸಿ ತಂದು ಹಾಕಿದ್ವಿ. ಬೆಲ್ಟು ಬದಲಿಸಾಕ ತಡಾ ಆಗತೈತಿ ಅಂತ ಗಂಡಸರು ತಗದ್ರು. ಈಗೂ ಅಟ್ಟದ ಮ್ಯಾಲ ಐತಿ, ಬೇಕಾದ್ರ ಹೋಗಿ ನೋಡ್ರಿ!”

ಗುಮಾಸ್ತ ಕಣ್ಣು ಮುಚ್ಚಿಕೊಳ್ಳುತ್ತಾನೆ.  ಜಾಲರಿ ಇತ್ತು! ಮಾಡಿಸಿ, ತಂದು, ಹಾಕಿ, ಬೆಲ್ಟು ಬದಲಿಸುವ ಹದಿನೈದು ನಿಮಿಷ ಉಳಿಸಲೆಂದು ಬಿಚ್ಚಿ ಅಟ್ಟಕ್ಕೆ ಎಸೆದಿದ್ದರು. ಅದರ ಕೆಳಗೇ ಮೈನಾ ಮೂರು ವರ್ಷ ಕೆಲಸ ಮಾಡಿದಳು. ಇಲ್ಲದ್ದನ್ನು ಹಾಕಲಿಲ್ಲ ಎಂದರೆ ತಿಳಿಗೇಡಿತನ ಅನ್ನಬಹುದೇನೋ. ಇದ್ದದ್ದನ್ನು ತೆಗೆದಿಟ್ಟರು ಎಂದರೆ ಅದಕ್ಕೇನನ್ನಬೇಕು?

ಹವಾಲ್ದಾರ್ ಪಾಟೋಳೆ ಪೆನ್ನು ತಿರುವುವುದನ್ನು ನಿಲ್ಲಿಸಿ ಒಳಗೆ ಬರುತ್ತಾರೆ. “ಬಾಯಾರ, ಅಟ್ಟದ ಮ್ಯಾಲ ಅಂದ್ರಿ ಅಲ್ಲ?” ಎಂದು ಕೇಳಿ ಬರೆದುಕೊಳ್ಳುತ್ತಾರೆ. ಆಮೇಲೆ ಮೈನಾಳ ಕಡೆ ತಿರುಗುತ್ತಾರೆ. “ನೀ ಹೇಳವಾ. ಎಲ್ಲಿ ಆತು?”

ಮೈನಾ ಉಡಿಯಲ್ಲಿರುವ ಕಾಯಿ ನೋಡುತ್ತಾಳೆ, ಮಾವಶಿಯ ಕೈ ನೋಡುತ್ತಾಳೆ. “ಗಿರಣ್ಯಾಗ” ಎನ್ನುತ್ತಾಳೆ.

ಅಂದೇ ಡಾಕ್ಟರು ಕೇಸ್ ಪೇಪರಿನಲ್ಲಿ ಮೈನಾಳ ಹೊಸ ಹೇಳಿಕೆ ಸೇರಿಸುತ್ತಾರೆ. ಸಂಜೆಯೊಳಗೆ ಪಂಚನಾಮೆ. ಅಟ್ಟದ ಮೇಲೆ ಗೋಣಿಚೀಲಗಳ ಕೆಳಗೆ ಜಾಲರಿ ಸಿಗುತ್ತದೆ, ಹಸಿರು ಬಣ್ಣ ಕೂಡ ಸವೆದಿಲ್ಲ. ಮಾವಶಿಯೂ ಠಾಣೆಗೆ ಹೋಗಿ ತಮ್ಮ ಹಳೆಯ ಕಥೆಯನ್ನೆಲ್ಲ ಹೇಳುತ್ತಾರೆ. ಬರೆದದ್ದನ್ನು ಎರಡು ಸಲ ಓದಿಸಿ ಕೇಳಿದ ಮೇಲೆಯೇ ಹೆಬ್ಬಟ್ಟು. “ಮಾವಶಿ, ಮೂರನೇ ಸಲ ಓದಲೇನು?” ಎಂದು ಪಾಟೋಳೆ ಕಿಚಾಯಿಸಿದರೆ, “ಓದ್ರಲ್ಲ, ನಿಮ್ಮದೇನ್ ಗಂಟ್ ಹೋಗತೈತಿ” ಎಂದು ಉತ್ತರ.

ಮೈನಾಳ ಮುಂದಿದ್ದ ದಾರಿಗಳನ್ನು ಯಾಸ್ಮಿನ್ ಬಿಡಿಸಿ ಹೇಳಿದರು. ಯಂತ್ರ ನಡೆಸುವಾಗ ನಿರ್ಲಕ್ಷ್ಯ ತೋರಿದ್ದಕ್ಕೆ ಪೊಲೀಸ್ ಮೊಕದ್ದಮೆ ಒಂದು ಕಡೆ. ಪರಿಹಾರ ಬೇಕೆಂದರೆ ಎರಡು ಬಾಗಿಲು: ಕಾರ್ಮಿಕ ಪರಿಹಾರದ ಆಯುಕ್ತರು, ಇಲ್ಲವೇ ಸಿವಿಲ್ ಕೋರ್ಟು. ಕೋರ್ಟಿನಲ್ಲಿ ಹೆಚ್ಚು ಕೇಳಬಹುದು, ಆದರೆ ಮಾಲೀಕರ ತಪ್ಪು ಸಾಬೀತು ಮಾಡಬೇಕು, ವರ್ಷಗಟ್ಟಲೆ ಕಾಯಬೇಕು. ಎರಡೂ ಬಾಗಿಲಿಗೆ ಒಟ್ಟಿಗೆ ಹೋಗುವಂತಿಲ್ಲ. ಮೈನಾ ಆಯುಕ್ತರ ಬಾಗಿಲು ತಟ್ಟಿದ್ದಾಳೆ. ವಿಚಾರಣೆ ನಡೆಯುತ್ತಿದೆ. ಎಡಗೈಯಲ್ಲಿ ಸಹಿ ಮಾಡಲು ಕಲಿಯುತ್ತಿದ್ದಾಳೆ. ಹೆಸರಿನ ಕೊನೆಯ ಅಕ್ಷರ ಇನ್ನೂ ಸೊಟ್ಟ ಬರುತ್ತದೆ ಎಂದು ಬೇಜಾರು.

ಮಾವಶಿಯ ಕೆಲಸ ಹೋಗಲಿಲ್ಲ, ವಾರ್ಡು ಹೋಯಿತು. ಗುತ್ತಿಗೆದಾರ ಅವರನ್ನು ಹಿತ್ತಲಿನ ಪಾಯಖಾನೆಗಳಿಗೆ ಹಾಕಿದ್ದಾನೆ. ಬೇಸರವಾಗಲಿಲ್ಲವೇ ಎಂದರೆ ಗೊಳ್ಳೆಂದು ನಗುತ್ತಾರೆ. “ಹುಚ್ಚ ಅದಾನ್ರಿ ಅಂವಾ. ವಾರ್ಡಿನ್ಯಾಗ ಬರೀ ನಲವತ್ತೆರಡು ಮಂದಿ ಇದ್ರು. ಇಲ್ಲಿಗೆ ಇಡೀ ದವಾಖಾನಿ ಬರತೈತಿ. ಸಾಲಿನ್ಯಾಗ ನಿಂತಾಗ ಹೇಳಿಬಿಡ್ತೀನಿ.”

ಆಗಸ್ಟಿನ ಒಂದು ಬೆಳಿಗ್ಗೆ ಜಾಲರಿ ಕೂರಿಸಲು ಆದೇಶ ಕೊಟ್ಟಿದ್ದ ಕಾರ್ಖಾನೆ ಇಲಾಖೆಯ ಅಧಿಕಾರಿ ಮರುತಪಾಸಣೆಗೆ ಬಂದಾಗ ಸಾಕ್ಷಿದಾರರಾಗಿ ಮೈನಾ ಮತ್ತು ಮಾವಶಿ ಇಬ್ಬರನ್ನೂ ಗಿರಣಿಗೆ ಕರೆದರು. ಇಪ್ಪತ್ತೊಂದು ವರ್ಷದ ಮೇಲೆ ಮಾವಶಿ ಆ ಹೊಸ್ತಿಲು ದಾಟಿದ್ದು ಅಂದೇ. ಒಳಗೆ ಅದೇ ಹಳದಿ ಧೂಳು, ಅದೇ ಘಾಟು. ಪೀಪಾಯಿಯ ಪಕ್ಕ ಕೆಲಸಕ್ಕೆ ನಿಂತ ಹೊಸ ಹುಡುಗಿ ಇವರನ್ನೇ ಪಿಳಿಪಿಳಿ ನೋಡುತ್ತಿದ್ದಳು. ಬೆಲ್ಟಿನ ಮೇಲೆ ಹಸಿರು ಜಾಲರಿ ಕೂತಿತ್ತು.

ಅಧಿಕಾರಿ ಕಾಗದದಲ್ಲಿ ಗುರುತು ಹಾಕಿಕೊಂಡು ಸರಿಯಿದೆ ಎಂದರು. ಮಾವಶಿಗೆ ಅಷ್ಟು ಸಾಲದು. ಹತ್ತಿರ ಹೋಗಿ ಮೂರು ಬೆರಳನ್ನು ಜಾಲರಿಯ ಕಣ್ಣಿನಲ್ಲಿ ತೂರಿಸಿ, ಮೈಯಲ್ಲಿದ್ದ ಶಕ್ತಿಯೆಲ್ಲ ಹಾಕಿ ಎಳೆದು ನೋಡಿದರು. ಜಾಲರಿ ಅಲುಗಾಡಲಿಲ್ಲ. ಇನ್ನೊಮ್ಮೆ ಎಳೆದರು. ಆಮೇಲೆ ಕೈ ಸೆರಗಿಗೆ ಒರೆಸಿಕೊಂಡು ಮೈನಾಳ ಕಡೆ ತಿರುಗಿದರು.

“ಅವತ್ತು ನನ್ನ ಉಡಿಯಾಗ ಹಾಕಬೇಕಾಗಿದ್ದು ಇದನ್ನ, ಪೋರಿ.”