ನಿನ್ನ ಅತ್ತೆಗೆ ನಾನು ಬರೆದ ಸಾವು

ಶೆಫಾಲಿ, ನಿನ್ನ ಸೋದರತ್ತೆ ಪುತುಲ್ ಜ್ವರ ಬಂದು ಸಾಯಲಿಲ್ಲ. ನಿನ್ನ ಅಪ್ಪನ ಪುಸ್ತಕದ ಆರನೆಯ ಅಧ್ಯಾಯದಲ್ಲಿ ಬರುವ ಆ ಸಾವು — ಅಣ್ಣನ ತೊಡೆಯ ಮೇಲೆ ತಲೆಯಿಟ್ಟು, ಹೊಳೆ ನೋಡುತ್ತಾ ಕಣ್ಣು ಮುಚ್ಚುವ ಆ ಒಂಬತ್ತು ವರ್ಷದ ಹುಡುಗಿ — ಅದನ್ನು ಕಟ್ಟಿ ಬರೆದವಳು ನಾನು. ನಿನ್ನ ಅಪ್ಪ ಅದರಲ್ಲಿ ಒಂದು ಮಾತನ್ನೂ ಹೇಳಿರಲಿಲ್ಲ. ಅವರು ಹೇಳಿದ್ದೇ ಬೇರೆ. ಅದನ್ನು ಹೇಳಿದ್ದು ನಿನಗೋಸ್ಕರ.

ಹೋದ ತಿಂಗಳು ನೀನು ಹರಿಹರದಿಂದ ಫೋನ್ ಮಾಡಿದೆ. ಪುಸ್ತಕ ಮತ್ತೆ ಅಚ್ಚು ಹಾಕಿಸುತ್ತೀನಿ, ಅಪ್ಪನ ಬದುಕಿನ ಬಗ್ಗೆ ನಾಲ್ಕು ಪುಟ ಬರೆದುಕೊಡಿ ಎಂದೆ. "ಆ ತಂಗಿ ಸಾಯೋದು ಐತಲ್ಲ ಅಕ್ಕ, ಅದನ್ನೇ ಎಲ್ಲಾರೂ ನೆನೆಸ್ತಾರೆ. ಅದರ ಮ್ಯಾಲೇ ಬರೀರಿ" ಎಂದೆ. ನಾನು ಆಗಲಿ ಎಂದೆ. ನೀನು ಕೇಳಿದ ನಾಲ್ಕು ಪುಟ ಇವೇ. ಅಚ್ಚು ಹಾಕಿಸುವುದು, ಹರಿದು ಹಾಕುವುದು ನಿನಗೆ ಬಿಟ್ಟದ್ದು.

ನಾನಾಗ ದಾವಣಗೆರೆಯ ಒಂದು ಅಚ್ಚುಕೂಟದಲ್ಲಿ ಕರಡು ತಿದ್ದುತ್ತಿದ್ದೆ. ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಊರಿಗೆ ಕಂಪ್ಯೂಟರ್ ಬಂದಿದ್ದರೂ ನಮ್ಮಲ್ಲಿನ್ನೂ ಅಕ್ಷರದ ಮೊಳೆ ಜೋಡಿಸಿಯೇ ಅಚ್ಚು ಹಾಕುತ್ತಿದ್ದರು. ಮೂವತ್ತೈದು ದಾಟಿದ್ದರೂ ನನಗೆ ಮದುವೆಯಾಗಿರಲಿಲ್ಲ. ಅದಕ್ಕಾಗಿ ನಮ್ಮ ಅರಳೆ ವ್ಯಾಪಾರದ ಮನೆಯಲ್ಲಿ ಎಲ್ಲರೂ ಕೊರಗುತ್ತಿದ್ದರು, ನನ್ನೊಬ್ಬಳನ್ನು ಬಿಟ್ಟು. ಲಗ್ನಪತ್ರಿಕೆ, ಸಹಕಾರ ಸಂಘದ ವರದಿ, ಕವಿಗಳಾಗಲು ಹೊರಟ ಮಾಸ್ತರರ ಕವನ — ಊರಿನ ತಪ್ಪೆಲ್ಲ ನನ್ನ ಕೆಂಪು ಪೆನ್ನಿನ ಕೆಳಗೆ ಹಾದು ಹೋಗಬೇಕಿತ್ತು. ಬೇರೆಯವರ ಮಾತನ್ನು ತಿದ್ದುವುದು ನನ್ನ ಹಕ್ಕು ಎಂಬ ಸೊಕ್ಕು ಅಲ್ಲಿಯೇ ಬೆಳೆದಿರಬೇಕು.

ನಿನ್ನ ಅಪ್ಪ ನಿಖಿಲ ಬಾಬು ಅಲ್ಲಿಗೆ ಬಂದದ್ದು ನಿವೃತ್ತಿಯಾದ ಮೇಲೆ. ದೇಶ ಒಡೆದ ಮೇಲೆ ಪೂರ್ವ ಬಂಗಾಳ ಬಿಟ್ಟು ಓಡಿಬಂದು, ಕಂಡ ಕಂಡ ಊರಲ್ಲಿ ದುಡಿದು, ಕೊನೆಗೆ ಹರಿಹರದ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿ, ಮಾಯಕೊಂಡದ ನಿನ್ನ ಅಮ್ಮನನ್ನು ಮದುವೆಯಾಗಿ ಇಲ್ಲಿಯವರೇ ಆಗಿಬಿಟ್ಟ ಮನುಷ್ಯ. ಹಗಲೆಲ್ಲ ಯಂತ್ರ, ಸಂಜೆ ಬಂಗಾಳಿ ಕಥೆ. ಅವರ ಕಥೆಗಳು ಅಂಚೆಯಲ್ಲಿ ಹೋಗಿ ಕಲ್ಕತ್ತದ ಸಣ್ಣಪುಟ್ಟ ಪತ್ರಿಕೆಗಳಲ್ಲಿ ಅಚ್ಚಾಗುತ್ತಿದ್ದವು. ಹರಿಹರದಲ್ಲಿ ಅವನ್ನು ಓದುವವರು ಯಾರೂ ಇರಲಿಲ್ಲ. ನೀನೂ ಓದುತ್ತಿರಲಿಲ್ಲ. ಅಮ್ಮನ ಕನ್ನಡದಲ್ಲೇ ಬೆಳೆದು ಕನ್ನಡ ಶಾಲೆಗೆ ಹೋದವಳಿಗೆ ಬಂಗಾಳಿ ಅಕ್ಷರ ಎಲ್ಲಿಂದ ಬರಬೇಕು?

ಅವರದ್ದೂ ಅದೇ ಪಾಡು — ಕನ್ನಡ ನಮ್ಮ ನಿಮ್ಮ ಹಾಗೆ ಮಾತಾಡುತ್ತಿದ್ದರು, ಓದಲು ಬರುತ್ತಿರಲಿಲ್ಲ. ಬಸ್ಸಿನ ಬೋರ್ಡನ್ನು ಗುರುತು ಹಿಡಿಯುತ್ತಿದ್ದರು, ಅಷ್ಟೇ. "ನಾ ಹೇಳ್ತಾ ಹೋಗ್ತೀನಿ, ನೀವು ಬರ್ಕಂತಾ ಹೋಗ್ರಿ ಗಿರಿಜಮ್ಮ. ನನ್ನ ಜೀವನ. ಮಗಳು ಓದ್ಬೇಕು" ಎಂದರು. ಹಾಗೆ ಎಂಟು ತಿಂಗಳು, ಪ್ರತಿ ಗುರುವಾರ ಹರಿಹರದ ಬಸ್ಸಿಳಿದು ಬಂದು ನನ್ನ ಮೇಜಿನ ಎದುರು ಕೂರುತ್ತಿದ್ದರು. ನಾನು ಮಂಡಕ್ಕಿ ಮೆಣಸಿನಕಾಯಿ ತರಿಸಿದರೆ ಮೆಣಸಿನಕಾಯಿ ತಿಂದು ಮಂಡಕ್ಕಿಯನ್ನು ಪಕ್ಕಕ್ಕೆ ಸರಿಸುತ್ತಿದ್ದರು. "ದಾವಣಗೆರೆಗೆ ಬಂದು ಮಂಡಕ್ಕಿ ಬಿಡೋರನ್ನ ನಿಮ್ಮನ್ನೇ ನೋಡಿದ್ದು" ಎಂದು ಎಷ್ಟು ಸಲ ಕೆಣಕಿದ್ದೇನೋ. ಗ್ಯಾಸ್ ಆಗ್ತೈತೆ ಎನ್ನುತ್ತಿದ್ದರು. ನಿನಗೂ ಹಾಗೇ ಹೇಳಿದ್ದರಂತೆ.

ಆರನೆಯ ಅಧ್ಯಾಯದ ದಿನ ಅವರು ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಿಕೊಂಡು, ನನ್ನ ಮುಖ ನೋಡದೆ ಹೇಳಿದರು. ಅಪ್ಪ ಅಮ್ಮ ಇಬ್ಬರೂ ಸತ್ತ ಮೇಲೆ ತಂಗಿಯ ಕೈ ಹಿಡಿದುಕೊಂಡು ಹೊಳೆದಂಡೆಯ ಸ್ಟೀಮರ್ ಘಾಟಿಗೆ ಬಂದದ್ದು. ಅಲ್ಲಿ ಸಾವಿರಾರು ಜನ. ಇವರಿಗೆ ಹತ್ತೊಂಬತ್ತು. ಒಬ್ಬನಾದರೆ ಹೇಗೋ ನುಗ್ಗಬಹುದು ಎಂದು ಯಾರೋ ಅಂದದ್ದು. ಟ್ರಂಕಿನ ಮೇಲೆ ಅವಳನ್ನು ಕೂರಿಸಿ, "ಮಂಡಕ್ಕಿ ತರ್ತೀನಿ, ಇಲ್ಲೇ ಕೂತಿರು" ಎಂದು ಹೇಳಿ — ಸ್ಟೀಮರ್ ಹತ್ತಿದ್ದು. ಮೇಲಿನಿಂದ ನೋಡಿದರೆ ಅವಳು ಕೂತೇ ಇದ್ದಳಂತೆ. ಎದ್ದು ಹುಡುಕಲೂ ಇಲ್ಲವಂತೆ. ಅಣ್ಣ ಕೂತಿರು ಅಂದಿದ್ದನಲ್ಲ.

"ಮರ್ತಿದ್ದಲ್ಲ, ಗದ್ದಲದಾಗೆ ತಪ್ಪಿಸ್ಕಂಡಿದ್ದೂ ಅಲ್ಲ. ಬಿಟ್ಟಿದ್ದು. ಹಂಗೇ ಬರೀರಿ" ಎಂದರು. ಬಂಗಾಳಿಯಲ್ಲಿ ಇದನ್ನು ಯಾವತ್ತೂ ಬರೆದಿರಲಿಲ್ಲ. ನಿನಗೆ ಬಾಯಲ್ಲಿ ಹೇಳುವ ಧೈರ್ಯವೂ ಇರಲಿಲ್ಲ. ಹೇಳಿದರೆ ನಿನ್ನ ಮುಖ ನೋಡಬೇಕಾಗುತ್ತದೆ ಎಂದರು. ಓದಿದ ಮೇಲೆ ನೀನಾಗಿಯೇ ಬಂದು ಕೇಳಲಿ ಎಂದು ಅವರ ಆಸೆ. ಘಾಟಿನ ಹೆಸರು, ಊರಿನ ಹೆಸರು, ಪುತುಲ್‌ಳ ಎಡ ಹುಬ್ಬಿನ ಮೇಲಿನ ಗಾಯದ ಗುರುತು, ಎಲ್ಲವನ್ನೂ ಒಂದೊಂದಾಗಿ ಬರೆಸಿದರು. ಕೊನೆಯಲ್ಲಿ ನಿನಗೆಂದೇ ನಾಲ್ಕು ಮಾತು ಬರೆಸಿದರು. ಈ ಪುಸ್ತಕ ಹುಟ್ಟಿದ್ದೇ ಆ ನಾಲ್ಕು ಮಾತಿಗಾಗಿ.

ಆ ಅಧ್ಯಾಯವನ್ನೇ ನಾನು ತೆಗೆದುಹಾಕಿದೆ. ಯಾಕೆ ಎಂದು ಕೇಳಿದರೆ — ಅವರ ಮರ್ಯಾದೆ ಉಳಿಸಲಿಕ್ಕೆ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ಮುಖಪುಟದ ಮೇಲೆ ಅವರ ಹೆಸರಿನ ಕೆಳಗೆ 'ನಿರೂಪಣೆ: ಗಿರಿಜಾ' ಎಂದು ಬರುವುದಿತ್ತು. ಜೀವಮಾನದಲ್ಲಿ ಮೊದಲ ಸಲ. ತಂಗಿಯನ್ನು ಬಿಟ್ಟು ಓಡಿದವನ ಪುಸ್ತಕವನ್ನು ಯಾರು ಮೆಚ್ಚುತ್ತಾರೆ? ನನಗೆ ಜನ ಮೆಚ್ಚುವ ಪುಸ್ತಕ ಬೇಕಿತ್ತು. ಒಂದು ಮಧ್ಯಾಹ್ನ ಊಟಕ್ಕೂ ಏಳದೆ ಆ ಸಾವನ್ನು ಬರೆದೆ. ಚೆನ್ನಾಗಿ ಬಂತು. ಬರೆಯುತ್ತಾ ನನಗೇ ಅಳು ಬಂತು, ನಾಚಿಕೆಗೆಟ್ಟವಳಿಗೆ.

ಹರಿಹರದಲ್ಲಿ ಬಿಡುಗಡೆಯ ದಿನ ನೆನಪಿದೆಯಾ? ಮಾತಾಡಿದವರೆಲ್ಲ ತಂಗಿಯ ಪ್ರಸಂಗ ಓದಿ ಕಣ್ಣೀರು ಬಂತು ಎಂದರು. ಯಾರಾದರೂ ಬಿಡಿಸಿ ಹೇಳಿಬಿಟ್ಟಾರು ಎಂದು ನಾನು ಒಬ್ಬೊಬ್ಬರ ಬಾಯನ್ನೇ ನೋಡುತ್ತಿದ್ದೆ. ಆದರೆ ಮೂವತ್ತು ವರ್ಷ ಯಂತ್ರದ ಸದ್ದಿನಲ್ಲಿ ನಿನ್ನ ಅಪ್ಪನ ಕಿವಿ ಮಂದವಾಗಿತ್ತು. ಮೈಕಿನ ಮಾತು ಅವರಿಗೆ ಅರ್ಧಂಬರ್ಧ. ಆಮೇಲೆ ನೀನು ಆ ಪುಟ ತೆರೆದು ತೋರಿಸಿ ಅಪ್ಪನನ್ನು ತಬ್ಬಿಕೊಂಡು ಅತ್ತೆ. ಅವರು ನಿನ್ನ ತಲೆ ಸವರುತ್ತಾ ನನ್ನ ಕಡೆ ನೋಡಿದರು. ಅಂಥ ಹಗುರಾದ ಮುಖವನ್ನು ನಾನು ಅವರಲ್ಲಿ ಕಂಡದ್ದು ಅದೊಂದೇ ಸಲ. ಮಗಳು ಎಲ್ಲ ತಿಳಿದೂ ತಬ್ಬಿಕೊಂಡಳು ಎಂದುಕೊಂಡಿದ್ದರು.

ಅವರು ಕಾಯತೊಡಗಿದರು. ಇವತ್ತು ಕೇಳುತ್ತಾಳೆ, ನಾಳೆ ಕೇಳುತ್ತಾಳೆ ಎಂದು. ಕಾರ್ತಿಕ ಬಂತು. ನೀನು ಒಂದು ಸಂಜೆ ಅವರನ್ನು ಹೊಳೆಗೆ ಕರೆದುಕೊಂಡು ಹೋಗಿ, ತೀರಿಹೋದ ಅಮ್ಮನ ಹೆಸರಲ್ಲೊಂದು ದೀಪ ಬಿಟ್ಟು, ಪುತುಲ್ ಅತ್ತೆಗೆ ಎಂದು ಇನ್ನೊಂದು ದೀಪ ಬಿಟ್ಟೆ. ನೀನು ಅದನ್ನು ಎಷ್ಟು ಪ್ರೀತಿಯಿಂದ ಮಾಡಿದ್ದೆ ಎಂದು ನನಗೆ ಗೊತ್ತು, ಶೆಫಾಲಿ.

ಮಾರನೆಯ ದಿನ ಗುರುವಾರವಲ್ಲದಿದ್ದರೂ ಅವರು ಅಚ್ಚುಕೂಟಕ್ಕೆ ಬಂದರು. ಕೈಯಲ್ಲಿ ಪುಸ್ತಕ. ನೀನು ತೆರೆದು ತೋರಿಸಿದ್ದ ಪುಟಕ್ಕೆ ಗುರುತಿಗೆಂದು ಬಸ್ ಟಿಕೆಟ್ ಸಿಗಿಸಿದ್ದರು.

"ಸತ್ತೋರಿಗೆ ಬಿಡೋ ದೀಪನ ಪುತುಲ್‌ಗೆ ಯಾಕ ಬಿಟ್ಲು ಗಿರಿಜಮ್ಮ? ಇದನ್ನ ಪೂರ್ತಿ ಓದ್ರಿ. ಜೋರಾಗಿ ಓದ್ರಿ."

ಆಗಲಾದರೂ ನಾನು… ಆಗಲಾದರೂ ಹೇಳಬಹುದಿತ್ತು. ಪುಸ್ತಕ ತೆರೆದು ಕೈಯಲ್ಲಿ ಹಿಡಿದೆ. ಕಣ್ಣೆದುರು ನಾನು ಬರೆದ ಸಾವಿತ್ತು. ಬಾಯಲ್ಲಿ ಅವರು ಬರೆಸಿದ್ದನ್ನು ಹೇಳುತ್ತಾ ಹೋದೆ. ನನಗೆ ಬಾಯಿಪಾಠವಾಗಿತ್ತು ಅದು, ಒಂದಕ್ಷರ ತಪ್ಪಲಿಲ್ಲ. ಅವರು ಕಿವಿಗೆ ಅಂಗೈ ಆನಿಸಿಕೊಂಡು ಬಗ್ಗಿ ಕೇಳಿದರು. ನಡುವೆ ಎಲ್ಲಿ ಪುಟ ಮಗುಚಬೇಕೋ ಅಲ್ಲಿ ಮಗುಚಿದೆ ಕೂಡ. ಅವರು ಬರೆಸಿದ್ದೇ ಅದರಲ್ಲಿದೆ ಎಂಬುದಕ್ಕೆ ಸುಳ್ಳು ಸಾಕ್ಷಿಯಾಗಿ ಆ ಪುಸ್ತಕವನ್ನು ಅವರ ಎದುರೇ ಹಿಡಿದುಕೊಂಡಿದ್ದೆ. ನಿನಗಾಗಿ ಬರೆಸಿದ ಕೊನೆಯ ಮಾತು ಹೇಳುವಾಗ ನನ್ನ ಮುಖ ಕಾಣದಂತೆ ಪುಸ್ತಕವನ್ನು ಎತ್ತಿ ಹಿಡಿದೆ. ಅಧ್ಯಾಯ ಅಂಥದ್ದು, ಅದಕ್ಕೇ ಎಂದುಕೊಂಡಿರಬೇಕು ಅವರು.

ಮುಗಿದ ಮೇಲೆ ಪುಸ್ತಕವನ್ನು ನನ್ನ ಕೈಯಿಂದ ತೆಗೆದುಕೊಂಡರು. ಆಮೇಲೆ ಕೈ ಮುಗಿದರು.

"ಸರಿಯಾಗೇ ಐತೆ. ನಿಮ್ಮ ಮ್ಯಾಲೆ ಅನುಮಾನ ಪಟ್ಟೆ, ತಪ್ಪು ತಿಳ್ಕಬ್ಯಾಡ್ರಿ. ಹಂಗಾದ್ರೆ ನನ್ನ ಮಗಳು ಓದಿ, ತಿಳ್ಕಂಡು, ಸತ್ತೋದ್ಲು ಅಂತ ದೀಪ ಬಿಟ್ಟಾಳೆ. ಹುಡುಕೋ ಮನಸ್ಸಿಲ್ಲ ಆಕಿಗೆ."

"ಮಗಳನ್ನ ಒಂದ್ಮಾತು ನೀವೇ ಕೇಳ್ರಿ ಬಾಬು" ಎಂದೆ. ಎಂಥ ಮಾತು! ಕೇಳಿದ್ದರೆ ನನ್ನ ಬಣ್ಣ ಬಯಲಾಗುತ್ತಿತ್ತು, ಆದರೂ ಬಾಯಿಗೆ ಬಂತು.

"ಬ್ಯಾಡ. ಕೂತಿರು ಅಂತ ಹೇಳಿ ಓಡಿಬಂದೋನು, ಹೋಗಿ ಹುಡುಕು ಅಂತ ಮಗಳಿಗೆ ಯಾವ ಮುಖ ಇಟ್ಕಂಡು ಹೇಳ್ಲಿ?"

ಅವರು ಮೆಟ್ಟಿಲಿಳಿದು ಬಸ್‌ಸ್ಟ್ಯಾಂಡ್ ಕಡೆ ನಡೆದದ್ದನ್ನು ಕಿಟಕಿಯಿಂದ ನೋಡಿದೆ. ಓಡಿಹೋಗಿ ತಡೆಯಬಹುದಿತ್ತು. ಯಾವುದೋ ಲಗ್ನಪತ್ರಿಕೆಯ ಕರಡು ಮೇಜಿನ ಮೇಲಿತ್ತು. ಅದನ್ನು ಎಳೆದುಕೊಂಡು ತಿದ್ದತೊಡಗಿದೆ.

ಆಮೇಲೆ ಒಂದು ವರ್ಷ ಅವರು ಬದುಕಿದ್ದರು. ಆ ವರ್ಷ ನಿನ್ನ ಮನೆಯಲ್ಲಿ ಹೇಗಿತ್ತೆಂದು ನನಗಿಂತ ನಿನಗೇ ಚೆನ್ನಾಗಿ ಗೊತ್ತು. ಸಾವಿನ ಮನೆಯಲ್ಲಿ ನೀನು ನನ್ನ ಕೈ ಹಿಡಿದು ಕೇಳಿದೆ: "ಕಡೇ ವರ್ಷ ಅಪ್ಪ ನನ್ನ ಜತೆ ನೆಟ್ಟಗೆ ಮಾತೇ ಆಡ್ಲಿಲ್ಲ ಅಕ್ಕ. ಊಟಕ್ಕೆ ಕರೆದ್ರೆ ಬರೋರು, ಸುಮ್ನೆ ಉಂಡು ಎದ್ದೋಗೋರು. ನಾನೇನು ತಪ್ಪು ಮಾಡ್ದೆ? ನಿಮ್ಮ ಹತ್ರ ಏನಾದ್ರೂ ಅಂದಿದ್ರಾ?"

"ವಯಸ್ಸಾದ ಮ್ಯಾಲೆ ಎಲ್ಲಾರೂ ಹಂಗೇ ಕಣೇ" ಎಂದೆ ನಾನು.

ನೀನು ಏನೂ ತಪ್ಪು ಮಾಡಿರಲಿಲ್ಲ. ಅವರು ಕೇಳಿಕೊಂಡದ್ದು ನಿನ್ನವರೆಗೆ ಬಂದೇ ಇರಲಿಲ್ಲ. ನೀನು ಆಗಲ್ಲ ಅಂದೆ ಎಂದುಕೊಂಡೇ ಅವರು ಹೋದರು. ತಂಗಿಯನ್ನು ಬಿಟ್ಟುಬಂದ ತಪ್ಪನ್ನು ಅವರು ಒಪ್ಪಿಕೊಳ್ಳಲು ಹೊರಟಿದ್ದರು. ನಾನು ಅಪ್ಪ ಮಗಳನ್ನು ಒಂದೇ ಮನೆಯೊಳಗೆ ಅಗಲಿಸಿ, ಇಪ್ಪತ್ತೈದು ವರ್ಷ ನಿನ್ನ ಮನೆಯ ಹಬ್ಬದೂಟ ಉಂಡೆ. ನೀನು ಬಡಿಸುವಾಗಲೆಲ್ಲ ಇವತ್ತು ಹೇಳಬೇಕು ಎಂದುಕೊಳ್ಳುತ್ತಿದ್ದೆ. ಇನ್ನೊಂದು ಹೋಳಿಗೆ ಹಾಕಿಸಿಕೊಂಡು ಸುಮ್ಮನಾಗುತ್ತಿದ್ದೆ.

ಪುತುಲ್ ಇದ್ದರೆ ಈಗ ಎಂಬತ್ತು ದಾಟಿರುತ್ತಾಳೆ. ನಿನ್ನ ಅಪ್ಪ ಹೇಳಿದಾಗ ಐವತ್ತೇಳು, ಐವತ್ತೆಂಟು ಅಷ್ಟೇ. ಆಗ ಹುಡುಕಿದ್ದರೆ ಸಿಗುತ್ತಿದ್ದಳೋ ಇಲ್ಲವೋ — ಅದನ್ನು ತಿಳಿಯುವ ದಾರಿಯನ್ನೂ ನಾನೇ ಮುಚ್ಚಿದೆ. 'ನನ್ನನ್ನು ಕ್ಷಮಿಸು' ಎಂದು ಇಲ್ಲಿ ಬರೆದಿದ್ದೆ, ಹೊಡೆದುಹಾಕಿದ್ದೇನೆ. ಅವರು ಬರೆಸಿದ ನೋಟುಬುಕ್ಕು ನನ್ನ ಹತ್ತಿರ ಹಾಗೇ ಇದೆ. ಭಾನುವಾರ ಅದನ್ನು ಹಿಡಿದುಕೊಂಡು ಹರಿಹರದ ಬಸ್ಸು ಹತ್ತುತ್ತೇನೆ. ನೀನು ಒಳಗೆ ಕರೆಯದಿದ್ದರೆ ಬಾಗಿಲಲ್ಲೇ ಕೊಟ್ಟು ಬರುತ್ತೇನೆ. ಅದರ ಕೊನೆಯ ಪುಟವನ್ನು ಮಾತ್ರ ಈಗಲೇ ಇಲ್ಲಿ ಇಳಿಸುತ್ತಿದ್ದೇನೆ, ಅವರ ಬಾಯಲ್ಲಿ ಬಂದ ಹಾಗೆ, ಒಂದಕ್ಷರವನ್ನೂ ತಿದ್ದದೆ.

"ಶೆಫಾಲಿ, ನಿಮ್ಮತ್ತೆ ಬದುಕಿದ್ರೂ ಬದುಕಿರಬೌದು. ನಾನು ಹೋಗೋಕೆ ಹೆದರ್ತೀನಿ. ನೀನು ಹೋಗಿ ಕೇಳು. ಸಿಕ್ರೆ, ಕೈಯಾಗೆ ಒಂದು ಹಿಡಿ ಮಂಡಕ್ಕಿ ಕೊಡು. ಅಣ್ಣ ಕಳ್ಸ್ಯಾನೆ ಅನ್ನು."